ಸೈಟ್ ಹೊಸದಾಗಿ ಮಾಡಿಸಿದ ಮೇಲೆ ಗೂಗಲ್‌ನಲ್ಲಿ ಹೆಸರು ಹಾಕಿದರೆ ಮಾತ್ರ ಸಿಗುತ್ತಿದೆ, ಎಲ್ಲಿಂದ ಸರಿಪಡಿಸಬೇಕು?

ರಿಪೇರಿಸೈಟ್

ನಮಸ್ಕಾರ. ವಾಷಿಂಗ್ ಮೆಷೀನ್, ಫ್ರಿಜ್, ಮೈಕ್ರೋವೇವ್ ರಿಪೇರಿ ಮಾಡುವ ಸಣ್ಣ ಸಂಸ್ಥೆಯ ವೆಬ್‌ಸೈಟ್ ಇದು. ವರ್ಡ್‌ಪ್ರೆಸ್‌ನಲ್ಲಿದೆ. ನಾಲ್ಕು ತಿಂಗಳ ಹಿಂದೆ ಹೊಸ ಥೀಮ್ ಹಾಕಿ, ಪುಟಗಳ ವಿಳಾಸವನ್ನೂ ಬದಲಿಸಿ ಪೂರ್ತಿ ಹೊಸದಾಗಿ ಮಾಡಿಸಲಾಗಿದೆ. ಆಮೇಲಿಂದ ಸಂಸ್ಥೆಯ ಹೆಸರು ಟೈಪ್ ಮಾಡಿದರೆ ಮಾತ್ರ ಗೂಗಲ್‌ನಲ್ಲಿ ಸಿಗುತ್ತದೆ. ರಿಪೇರಿ ಅಂತ ಹುಡುಕಿದವರಿಗೆ ಕಾಣುವುದೇ ಇಲ್ಲ.

ಎಲ್ಲ ಸೇವೆಗಳಿಗೂ ಸೇರಿ ಒಂದೇ ‘ನಮ್ಮ ಸೇವೆಗಳು’ ಪುಟ ಇದೆ. ಜೊತೆಗೆ ಬಡಾವಣೆಗೊಂದರಂತೆ 40 ಪುಟ. ಬಡಾವಣೆಯ ಹೆಸರು ಬಿಟ್ಟರೆ ಉಳಿದ ಬರಹ ಒಂದೇ. ಸೈಟ್ ಹುಡುಕಾಟದಲ್ಲಿ ಹೇಗಿದೆ ಎಂದು ಮಾಲೀಕರಿಗೆ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಇವುಗಳಲ್ಲಿ 37 ಪುಟಗಳಿಗೆ ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ (ಗೂಗಲ್ ಓದಿದೆ, ಹುಡುಕಾಟದ ಪಟ್ಟಿಗೆ ಸೇರಿಸಿಲ್ಲ) ಅಂತ ತೋರಿಸುತ್ತಿದೆ. ‘ನಾಟ್ ಫೌಂಡ್ (404)’, ಅಂದರೆ ಆ ವಿಳಾಸದಲ್ಲಿ ಪುಟ ಇಲ್ಲ ಅನ್ನುವುದರ ಅಡಿಯಲ್ಲೂ ಉದ್ದದ ಪಟ್ಟಿ ಇದೆ. ಪುಟದ ವೇಗ ಅಳೆಯುವ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ಸ್ಕೋರ್ 100ಕ್ಕೆ 48.

ಒಂದು ಏಜೆನ್ಸಿಯವರು ತಿಂಗಳಿಗೆ 500 ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ನಮ್ಮ ಸೈಟ್‌ಗೆ ಲಿಂಕ್) ಹಾಕಿ ಮೂರೇ ತಿಂಗಳಲ್ಲಿ ಮೊದಲ ಸ್ಥಾನಕ್ಕೆ ತರುತ್ತೇವೆ, ಗ್ಯಾರಂಟಿ ಅಂತಿದ್ದಾರೆ. ಒಪ್ಪಬಹುದೇ? ಬೇಡ ಅಂದರೆ ಮೊದಲು ಯಾವುದಕ್ಕೆ ಕೈಹಾಕಬೇಕು?

ಮುನ್ನೂರಒಂದು

ಏಜೆನ್ಸಿ ವಿಷಯ ಆಮೇಲೆ. ನೀವು ಬರೆದಿರುವುದರಲ್ಲೇ ಕಾರಣ ಇದೆ: ವಿಳಾಸ ಬದಲಾಯಿತು, 404 ಪಟ್ಟಿ ಬೆಳೆಯಿತು. ಬೇರೆ ಸೈಟ್‌ಗಳಿಂದ ಬಂದ ಲಿಂಕ್‌ಗಳು, ಹುಡುಕಾಟದಲ್ಲಿ ಪುಟ ಗಳಿಸಿದ್ದ ಜಾಗ ಎಲ್ಲವೂ ಹಳೆಯ ವಿಳಾಸದ ಹೆಸರಿನಲ್ಲೇ ಇವೆ. ಅಲ್ಲಿಂದ ಹೊಸ ಪುಟಕ್ಕೆ 301 ರೀಡೈರೆಕ್ಟ್ (ವಿಳಾಸ ಶಾಶ್ವತವಾಗಿ ಬದಲಾಗಿದೆ ಎಂದು ತಾನಾಗಿ ಹೊಸದಕ್ಕೆ ಕಳಿಸುವ ವ್ಯವಸ್ಥೆ) ಇಲ್ಲದಿದ್ದರೆ ಅದು ಯಾವುದೂ ದಾಟಿ ಬರುವುದಿಲ್ಲ.

ವರ್ಡ್‌ಪ್ರೆಸ್‌ನಲ್ಲಿ ಇನ್ನೊಂದು ಮೋಸ ಇದೆ. ‘ಪೋಸ್ಟ್’ ಒಂದರ ಸ್ಲಗ್ (ವಿಳಾಸದ ಕೊನೆಯ ಭಾಗ) ಬದಲಿಸಿದರೆ ಅದು ಹಳೆಯದನ್ನು ನೆನಪಿಟ್ಟು ತಾನೇ ರೀಡೈರೆಕ್ಟ್ ಮಾಡುತ್ತದೆ. ‘ಪೇಜ್’ಗಳಿಗೆ ಹಾಗೆ ಮಾಡುವುದಿಲ್ಲ. ಸೇವೆಯ ಪುಟಗಳೆಲ್ಲ ಸಾಮಾನ್ಯವಾಗಿ ಪೇಜ್‌ಗಳೇ. ಹೀಗಾಗಿ ಬ್ಲಾಗ್ ಲಿಂಕ್‌ಗಳು ಸರಿಯಾಗಿ ಓಡುತ್ತಿರುತ್ತವೆ, ಕೆಲಸ ತಂದುಕೊಡುವ ಪುಟಗಳು ಮಾತ್ರ ಮುರಿದಿರುತ್ತವೆ.

ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ ತೆರೆಯಿರಿ. ಅದು ತಾನಾಗಿ ತೋರಿಸುವುದು ಕೊನೆಯ ಮೂರು ತಿಂಗಳನ್ನು ಮಾತ್ರ, ಅದರಲ್ಲಿ ನಿಮಗೆ ಬೇಕಾದದ್ದು ಇರುವುದಿಲ್ಲ. ದತ್ತಾಂಶ 16 ತಿಂಗಳವರೆಗೆ ಉಳಿದಿರುತ್ತದೆ. ದಿನಾಂಕವನ್ನು ಬದಲಾವಣೆಗೆ ಮುಂಚಿನ ಆರು ತಿಂಗಳಿಗೆ ಇಟ್ಟು, ‘ಪೇಜಸ್’ ಟ್ಯಾಬ್‌ನಿಂದ ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸಿಕೊಳ್ಳಿ. ‘ಲಿಂಕ್ಸ್’ ವರದಿಯಲ್ಲಿ ಹೊರಗಿನಿಂದ ಹೆಚ್ಚು ಲಿಂಕ್ ಪಡೆದ ಪುಟಗಳನ್ನೂ ಅದಕ್ಕೆ ಸೇರಿಸಿ. ಪ್ರತಿ ಹಳೆಯ ವಿಳಾಸದ ಎದುರಿಗೆ ಅದೇ ವಿಷಯದ ಹೊಸ ಪುಟದ ವಿಳಾಸ ಬರೆಯಿರಿ. ರೀಡೈರೆಕ್ಷನ್ ಪ್ಲಗಿನ್‌ನಲ್ಲಾಗಲಿ ಸರ್ವರ್ ಸಂರಚನೆಯಲ್ಲಾಗಲಿ ಆ ಜೋಡಿಗಳನ್ನು 301 ಆಗಿ ಹಾಕಿ.

ಎಲ್ಲವನ್ನೂ ಸಾರಾಸಗಟಾಗಿ ಮುಖಪುಟಕ್ಕೆ ತಿರುಗಿಸಬೇಡಿ. ಫ್ರಿಜ್ ಪುಟ ಕೇಳಿದವರಿಗೆ ಮುಖಪುಟ ಕೊಟ್ಟರೆ ಗೂಗಲ್ ಅದನ್ನು ‘ಸಾಫ್ಟ್ 404’, ಅಂದರೆ ಪುಟ ಇಲ್ಲದ್ದಕ್ಕೆ ಸಮ ಎಂದೇ ಎಣಿಸುತ್ತದೆ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ, ಅಲ್ಲಿಂದ ಹೊಸ ಸ್ಲಗ್‌ಗೆ ಅಂತ ಸರಪಳಿಯೂ ಬೇಡ, ಒಂದೇ ನೆಗೆತದಲ್ಲಿ ಕೊನೆಯ ವಿಳಾಸಕ್ಕೆ ಹೋಗಲಿ. ಮೆನು, ಫುಟರ್, ಸೈಟ್‌ಮ್ಯಾಪ್‌ನಲ್ಲಿ (ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿ) ನೇರವಾಗಿ ಹೊಸ ವಿಳಾಸವೇ ಇರಲಿ. ರೀಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷ ಇಡಿ. ತೆಗೆಯಲೇಬೇಕಾದ ಕಾರಣ ಇಲ್ಲದಿದ್ದರೆ ಶಾಶ್ವತವಾಗಿ ಇರಲಿ.

ಹುಡುಕುಪೆಟ್ಟಿಗೆ

ಮೇಲಿನದ್ದು ಸರಿ, ಆದರೆ ರೀಡೈರೆಕ್ಟ್ ತಲುಪಿಸುವುದು ಎಲ್ಲಿಗೆ? ‘ನಮ್ಮ ಸೇವೆಗಳು’ ಅನ್ನುವ ಒಂದೇ ಪುಟಕ್ಕಾದರೆ ಅರ್ಧ ಕೆಲಸವಷ್ಟೇ ಆದಂತೆ. ‘ವಾಷಿಂಗ್ ಮೆಷೀನ್ ನೀರು ಹೊರಹೋಗುತ್ತಿಲ್ಲ’ ಎಂದು ಹುಡುಕುವವರಿಗೂ ‘ಮೈಕ್ರೋವೇವ್ ಬಿಸಿ ಆಗುತ್ತಿಲ್ಲ’ ಎನ್ನುವವರಿಗೂ ಒಂದೇ ಪುಟ ಉತ್ತರ ಆಗಲಾರದು. ಸೇವೆಗೊಂದು ಪುಟ ಬೇಕು.

ಆ 37 ಬಡಾವಣೆ ಪುಟಗಳು ಇಂಡೆಕ್ಸ್ ಆಗದಿರುವುದು ತಾಂತ್ರಿಕ ದೋಷದಿಂದಲ್ಲ. ಗೂಗಲ್ ಬಂದು ಓದಿದೆ, ಒಂದನ್ನು ಓದಿದರೆ ಎಲ್ಲವನ್ನೂ ಓದಿದಂತೆ ಅಂತ ಬಿಟ್ಟಿದೆ. ಊರಿನ ಹೆಸರು ಮಾತ್ರ ಬದಲಿಸಿದ ಇಂಥ ಪುಟಗಳಿಗೆ ಗೂಗಲ್‌ನ ಸ್ಪ್ಯಾಮ್ ನೀತಿಯಲ್ಲಿ ‘ಡೋರ್‌ವೇ’ (ಬರೀ ಬಾಗಿಲಿನಂಥ ಪುಟ) ಎಂಬ ಹೆಸರೇ ಇದೆ. ಇಂಡೆಕ್ಸಿಂಗ್‌ಗೆ ಮತ್ತೆ ಮತ್ತೆ ಮನವಿ ಒತ್ತುವುದರಿಂದ ಏನೂ ಆಗುವುದಿಲ್ಲ. ಕ್ಲಿಕ್ ಬಂದಿರುವ ಪುಟಗಳಿದ್ದರೆ ಅವನ್ನು ಹೊಂದುವ ಸೇವೆಯ ಪುಟಕ್ಕೆ 301 ಮಾಡಿ, ಉಳಿದವನ್ನು ಅಳಿಸಿ. 404 ಅಥವಾ 410 (ಪುಟ ತೆಗೆಯಲಾಗಿದೆ) ಬರಲಿ, ಹೆದರುವಂಥದ್ದಲ್ಲ. ಯಾವ ಯಾವ ಬಡಾವಣೆಗೆ ಬರುತ್ತೀರಿ ಅನ್ನುವುದು ಒಂದೇ ಪುಟದಲ್ಲಿ ಒಂದು ಪ್ಯಾರಾ ಆದರೆ ಸಾಕು.

ಸೇವೆಯ ಪುಟಕ್ಕೆ ಶ್ರಮ ಹಾಕಿ. ವಾಷಿಂಗ್ ಮೆಷೀನ್ ಪುಟವನ್ನೇ ನೋಡೋಣ. ಟೈಟಲ್ (ಫಲಿತಾಂಶದಲ್ಲಿ ಕಾಣುವ ಶೀರ್ಷಿಕೆ) ‘ಸ್ವಾಗತ’ ಅಂತಲೋ ‘ಸೇವೆ 1’ ಅಂತಲೋ ಇರಬಾರದು. ‘ವಾಷಿಂಗ್ ಮೆಷೀನ್ ರಿಪೇರಿ: ಫ್ರಂಟ್ ಲೋಡ್, ಟಾಪ್ ಲೋಡ್’, ಕೊನೆಯಲ್ಲಿ ಊರು ಮತ್ತು ಸಂಸ್ಥೆಯ ಹೆಸರು. ಟೈಟಲ್ ಕತ್ತರಿಸುವುದು ಅಕ್ಷರ ಎಣಿಸಿ ಅಲ್ಲ, ತೆರೆಯ ಮೇಲಿನ ಅಗಲ ನೋಡಿ. ಹಾಗಾಗಿ ಮುಖ್ಯ ಪದ ಮೊದಲೇ ಬರಲಿ. ಒಳಗೆ ದೋಷಗಳನ್ನು ಗ್ರಾಹಕರು ಫೋನಿನಲ್ಲಿ ಹೇಳುವ ಮಾತಿನಲ್ಲೇ ಬರೆಯಿರಿ: ಡ್ರಮ್ ತಿರುಗುತ್ತಿಲ್ಲ, ಸ್ಪಿನ್ ಆಗುವಾಗ ಮೆಷೀನ್ ಜಾಗ ಬಿಟ್ಟು ಸರಿಯುತ್ತದೆ, ಬಾಗಿಲು ತೆರೆಯುತ್ತಿಲ್ಲ, ನೀರು ನಿಂತಿದೆ. ಪ್ರತಿಯೊಂದಕ್ಕೂ ಎರಡು ಮೂರು ಸಾಲು. ನೀರು ನಿಂತಿದ್ದರೆ ಮೊದಲು ಪ್ಲಗ್ ತೆಗೆದು ಡ್ರೇನ್ ಪಂಪ್ ಫಿಲ್ಟರ್ ಸ್ವಚ್ಛ ಮಾಡಿ ನೋಡಬಹುದು, ಆಗದಿದ್ದರೆ ಪಂಪ್ ಮೋಟಾರ್ ಪರೀಕ್ಷಿಸಬೇಕಾಗುತ್ತದೆ ಅನ್ನುವ ಮಟ್ಟದ ವಿವರ. ಯಾವ ಬ್ರ್ಯಾಂಡ್ ಮುಟ್ಟುತ್ತೀರಿ, ಯಾವುದನ್ನು ಮುಟ್ಟುವುದಿಲ್ಲ, ಬಂದು ನೋಡುವ ಶುಲ್ಕ ಬಿಲ್ಲಿನಲ್ಲಿ ಕಳೆಯುತ್ತದೆಯೇ, ಬಿಡಿಭಾಗಕ್ಕೆ ವಾರಂಟಿ ಎಷ್ಟು, ಅದೇ ದಿನ ಬರಬೇಕಾದರೆ ಎಷ್ಟು ಹೊತ್ತಿನೊಳಗೆ ಕರೆ ಮಾಡಬೇಕು. ಇದಿಷ್ಟೂ ನಿಮಗೆ ಬಾಯಿಪಾಠ ಆಗಿರುವ ಸಂಗತಿ, ಸೈಟ್‌ನಲ್ಲಿ ಮಾತ್ರ ಇಲ್ಲ. ಎಷ್ಟು ಪದ ಬರೆಯಬೇಕು ಅಂತ ಲೆಕ್ಕ ಹಾಕಬೇಡಿ, ಗೂಗಲ್‌ಗೆ ಅಂಥ ಗುರಿ ಇಲ್ಲ.

ಮೆಟಾ ಕೀವರ್ಡ್ಸ್ (ಪುಟದ ಕೋಡ್‌ನಲ್ಲಿ ಅಡಗಿರುವ ಹುಡುಕುಪದಗಳ ಪಟ್ಟಿ) ತುಂಬಿಸುವುದಕ್ಕೆ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಅದನ್ನು ಪರಿಗಣಿಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ರಿಪೇರಿಸೈಟ್

ಇಬ್ಬರಿಗೂ ಧನ್ಯವಾದ. ಬಡಾವಣೆ ಪುಟಗಳನ್ನು ಅಳಿಸುವ ಬದಲು ರೋಬಾಟ್ಸ್ ಫೈಲ್‌ನಲ್ಲಿ (ಯಾವ ಪುಟ ಓದಬಾರದು ಎಂದು ಗೂಗಲ್‌ಗೆ ಹೇಳುವ ಕಡತ) ತಡೆದರೆ ಸಾಲದೇ? ಗೂಗಲ್ ಮ್ಯಾಪ್‌ನಲ್ಲಿ ಪ್ರೊಫೈಲ್ ಇದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಹುಡುಕುಪೆಟ್ಟಿಗೆ

ಸಾಲದು. ರೋಬಾಟ್ಸ್ ಫೈಲ್ ಓದುವುದನ್ನು ತಡೆಯುತ್ತದೆ, ಇಂಡೆಕ್ಸ್ ಆಗುವುದನ್ನಲ್ಲ. ಬೇರೆ ಕಡೆಯಿಂದ ಲಿಂಕ್ ಇದ್ದರೆ ವಿವರಣೆ ಇಲ್ಲದ ಬರೀ ವಿಳಾಸವಾಗಿ ಫಲಿತಾಂಶದಲ್ಲಿ ಬರಬಹುದು. ಅಷ್ಟೇ ಅಲ್ಲ, ಓದಲು ಬಿಡದಿದ್ದರೆ ಆ ಪುಟ ಅಳಿಸಿದ್ದೂ ಹುಡುಕಾಟದ ಪಟ್ಟಿಗೆ ಸೇರಿಸಬೇಡಿ ಎನ್ನುವ ಅದರಲ್ಲಿರುವ ನೋಇಂಡೆಕ್ಸ್ ಟ್ಯಾಗೂ 301 ಕೂಡ ಗೂಗಲ್‌ಗೆ ಗೊತ್ತಾಗುವುದಿಲ್ಲ. ದಾರಿ ತೆರೆದಿಡಿ.

ನಕ್ಷೆಪಿನ್

ಪ್ರೊಫೈಲ್‌ಗೂ ಸೈಟ್‌ಗೂ ಸಂಬಂಧ ಖಂಡಿತ ಇದೆ. ನಕ್ಷೆಯ ಜೊತೆ ಬರುವ ಫಲಿತಾಂಶಕ್ಕೆ ಗೂಗಲ್ ನೋಡುವುದು ಮೂರು: ಹುಡುಕಾಟಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರ, ಎಷ್ಟು ಹೆಸರುವಾಸಿ. ದೂರ ನಿಮ್ಮ ಕೈಯಲ್ಲಿಲ್ಲ. ಉಳಿದೆರಡಕ್ಕೆ ಸೈಟ್ ಕೂಡ ಲೆಕ್ಕಕ್ಕೆ ಬರುತ್ತದೆ.

ಪ್ರೈಮರಿ ಕೆಟಗರಿ ಮೊದಲು ನೋಡಿ. ರಿಪೇರಿಯವರು ‘ಎಲೆಕ್ಟ್ರಾನಿಕ್ಸ್ ಸ್ಟೋರ್’ ಅಂತ ಹಾಕಿಕೊಂಡರೆ ಅಂಗಡಿ ಹುಡುಕುವವರಿಗೇ ಕಾಣುತ್ತಾರೆ. ಗ್ರಾಹಕರು ನಿಮ್ಮಲ್ಲಿಗೆ ಬರುವುದಿಲ್ಲ, ನೀವೇ ಮನೆಗೆ ಹೋಗುತ್ತೀರಿ ಅಂದರೆ ವಿಳಾಸ ಮರೆಮಾಡಿ ಸರ್ವಿಸ್ ಏರಿಯಾ ಹಾಕಿ, 20 ಪ್ರದೇಶಗಳವರೆಗೆ ಅವಕಾಶ ಇದೆ. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರು ಮಾತ್ರ. ‘ಅತ್ಯುತ್ತಮ ಫ್ರಿಜ್ ರಿಪೇರಿ 24 ಗಂಟೆ’ ಅಂತ ಬಾಲ ಅಂಟಿಸಿದರೆ ಪ್ರೊಫೈಲ್ ಅಮಾನತಾಗುವ ಅಪಾಯ ಇದೆ, ವಾಪಸ್ ಪಡೆಯುವುದು ದೊಡ್ಡ ತಲೆನೋವು.

ರಿವ್ಯೂ ಎಲ್ಲರಲ್ಲೂ ಕೇಳಿ, ಕೆಲಸ ಮುಗಿದ ದಿನವೇ ಲಿಂಕ್ ಕಳಿಸಿ. ರಿಯಾಯಿತಿ ಕೊಟ್ಟು ಬರೆಸುವುದು, ಖುಷಿಯಾದವರನ್ನಷ್ಟೇ ಆರಿಸಿ ಕೇಳುವುದು ಎರಡೂ ನಿಯಮಕ್ಕೆ ವಿರುದ್ಧ. ಪ್ರೊಫೈಲ್‌ನ ವೆಬ್‌ಸೈಟ್ ಲಿಂಕ್ ಹಳೆಯ ವಿಳಾಸಕ್ಕೇ ಹೋಗುತ್ತಿಲ್ಲ ತಾನೇ? ಸೈಟ್ ಬದಲಿಸಿದಾಗ ಜನ ಮರೆಯುವುದು ಇದನ್ನೇ.

ಲೋಡ್‌ಟೈಮ್

ಸ್ಕೋರ್ 48ರ ಬಗ್ಗೆ ಯಾರೂ ಹೇಳಿಲ್ಲ. ಅದು ಪ್ರಯೋಗದ ಅಂಕ, ರ‍್ಯಾಂಕಿಂಗ್‌ಗೆ ಲೆಕ್ಕಕ್ಕೆ ಬರುವುದು ನಿಜವಾದ ಬಳಕೆದಾರರ ಅಳತೆ. ಅದರ ಮಿತಿಗಳು: ಎಲ್‌ಸಿಪಿ (ಪುಟದ ದೊಡ್ಡ ಭಾಗ ಕಾಣಲು ಹಿಡಿಯುವ ಸಮಯ) 2.5 ಸೆಕೆಂಡ್, ಐಎನ್‌ಪಿ (ಒತ್ತಿದ್ದಕ್ಕೆ ಪುಟ ಸ್ಪಂದಿಸುವ ಸಮಯ) 200 ಮಿಲಿಸೆಕೆಂಡ್, ಸಿಎಲ್‌ಎಸ್ (ಪುಟದ ಭಾಗಗಳು ಜಿಗಿಯುವ ಪ್ರಮಾಣ) 0.1. ಭೇಟಿ ಕಡಿಮೆ ಇರುವ ಸೈಟ್‌ಗೆ ಎಷ್ಟೋ ಸಲ ಆ ದತ್ತಾಂಶವೇ ಇರುವುದಿಲ್ಲ. 48ನ್ನು 95 ಮಾಡಲು ತಿಂಗಳು ಕಳೆಯಬೇಡಿ, ಪುಟಗಳ ಕೆಲಸ ಅದಕ್ಕಿಂತ ದೊಡ್ಡದು.

ಆದರೂ ಬಳಸುವವರ ದೃಷ್ಟಿಯಿಂದ ಒಂದು ಸಂಜೆಯ ಕೆಲಸ ಇದೆ. ಹೊಸ ಥೀಮ್ ಅಂದಿರಿ, ಮೇಲ್ಗಡೆ ಸ್ಲೈಡರ್ ಇರುವ ಸಂಭವ ಹೆಚ್ಚು. ಅದನ್ನು ತೆಗೆದು ಒಂದೇ ಚಿತ್ರ ಇಡಿ: 1600 ಪಿಕ್ಸೆಲ್ ಅಗಲ ಮೀರದಂತೆ, ವೆಬ್‌ಪಿ ಎಂಬ ಹಗುರ ಚಿತ್ರ ರೂಪದಲ್ಲಿ, 150 ಕೆಬಿ ಒಳಗೆ. ಈ ಮೊದಲ ಚಿತ್ರಕ್ಕೆ ಲೇಜಿ ಲೋಡಿಂಗ್ (ಚಿತ್ರವನ್ನು ತಡವಾಗಿ ತರುವ ವಿಧಾನ) ಬೇಡವೇ ಬೇಡ. ಪ್ಲಗಿನ್‌ಗಳು ಕಣ್ಣುಮುಚ್ಚಿ ಎಲ್ಲಕ್ಕೂ ಹಾಕಿ ಎಲ್‌ಸಿಪಿ ಕೆಡಿಸುತ್ತವೆ. ಎಲ್ಲ ಚಿತ್ರಗಳಿಗೂ ಅಗಲ, ಎತ್ತರ ನಮೂದಿಸಿ, ಆಗ ಬರಹ ಜಿಗಿಯುವುದಿಲ್ಲ. ಫೋನ್ ನಂಬರ್ ಚಿತ್ರದೊಳಗಿದ್ದರೆ ಹೊರಗೆ ತಂದು ಒತ್ತಿದರೆ ಕರೆ ಹೋಗುವಂತೆ ಮಾಡಿ.

ಮುನ್ನೂರಒಂದು

ಈಗ ಏಜೆನ್ಸಿ ವಿಷಯ: ಬೇಡ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು ಅಂತ ಗೂಗಲ್‌ನ ಮಾರ್ಗಸೂಚಿಯೇ ಹೇಳುತ್ತದೆ. ರ‍್ಯಾಂಕಿಂಗ್‌ಗಾಗಿ ಲಿಂಕ್ ಕೊಳ್ಳುವುದು ಸ್ಪ್ಯಾಮ್ ನೀತಿಯ ಉಲ್ಲಂಘನೆ. ಹೆಚ್ಚಿನ ಸಲ ಅಂಥ ಲಿಂಕ್‌ಗಳನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ, ಹಣ ನೀರಿನಲ್ಲಿ ಹೋಮ. ಕೆಟ್ಟ ಸಂದರ್ಭದಲ್ಲಿ ಮ್ಯಾನುಯಲ್ ಆಕ್ಷನ್, ಅಂದರೆ ಗೂಗಲ್ ಸಿಬ್ಬಂದಿಯೇ ವಿಧಿಸುವ ದಂಡನೆ ಬರುತ್ತದೆ. ನೀವು ಅಧಿಕೃತ ಸರ್ವಿಸ್ ಸೆಂಟರ್ ಆಗಿದ್ದರೆ ಆ ಕಂಪನಿಯ ಸೈಟ್‌ನ ಪಟ್ಟಿಯಲ್ಲಿ, ಬಿಡಿಭಾಗ ಕೊಡುವವರ ಪುಟದಲ್ಲಿ, ವ್ಯಾಪಾರಿ ಸಂಘದ ಸದಸ್ಯರ ಪಟ್ಟಿಯಲ್ಲಿ ನಿಮ್ಮ ಲಿಂಕ್ ಇದೆಯೇ, ಅದು ಸರಿಯಾದ ವಿಳಾಸಕ್ಕೆ ಹೋಗುತ್ತದೆಯೇ ನೋಡಿ. ಅಂಥ ನಾಲ್ಕು ಲಿಂಕ್ ಆ 500ಕ್ಕಿಂತ ಮೇಲು.

ಫಲ ಬರುತ್ತಿದೆಯೇ ಎಂದು ತಿಳಿಯಲು ಪರ್ಫಾರ್ಮೆನ್ಸ್ ವರದಿಯಲ್ಲಿ ‘ಕ್ವೆರಿ’ (ಹುಡುಕಿದ ಪದ) ಫಿಲ್ಟರ್ ಹಾಕಿ. ಕಸ್ಟಮ್ ರೆಜೆಕ್ಸ್ (ಪದಗಳ ಮಾದರಿ ಬರೆಯುವ ಆಯ್ಕೆ) ಆಯ್ದು ‘ಡಸೆಂಟ್ ಮ್ಯಾಚ್’ ಇಟ್ಟು, ಸಂಸ್ಥೆಯ ಹೆಸರನ್ನೂ ಜನ ಅದನ್ನು ತಪ್ಪಾಗಿ ಬರೆಯುವ ರೂಪಗಳನ್ನೂ ನಡುವೆ ನೆಟ್ಟಗಿನ ಗೆರೆ (|) ಹಾಕಿ ಸೇರಿಸಿ. ಆಗ ಹೆಸರು ಗೊತ್ತಿಲ್ಲದೆ ಬಂದವರಷ್ಟೇ ಉಳಿಯುತ್ತಾರೆ. 28 ದಿನವನ್ನು ಹಿಂದಿನ 28 ದಿನಕ್ಕೆ ಹೋಲಿಸಿ. ಮೊದಲು ಏರುವುದು ಇಂಪ್ರೆಷನ್ (ಫಲಿತಾಂಶದಲ್ಲಿ ಕಂಡ ಸಲ), ಕ್ಲಿಕ್ ವಾರಗಳ ನಂತರ. ಆ ಹಂತದಲ್ಲಿ ಸರಾಸರಿ ಸ್ಥಾನ ಇಳಿದಂತೆ ಕಂಡರೆ ಗಾಬರಿಯಾಗಿ ಪುಟ ಬದಲಿಸಲು ಹೋಗಬೇಡಿ. ಹೊಸ ಪುಟಗಳು ಹೊಸ ಹುಡುಕಾಟಗಳಲ್ಲಿ ನಲವತ್ತನೆಯ, ಐವತ್ತನೆಯ ಜಾಗದಿಂದ ಒಳಬರುವಾಗ ಸರಾಸರಿಯನ್ನು ಕೆಳಗೆ ಎಳೆಯುತ್ತವೆ.