ಅಮೆರಿಕದ ಸ್ವಾತಂತ್ರ್ಯ ಯುದ್ಧದ ನಡುವೆ ಹಣವಂತರಾದ ವರ್ತಕರು

ಪ್ರಶ್ನೆ: ಚಾಮರಾಜಪೇಟೆಯ ಓದುಗ
ಕಳೆದ ಭಾನುವಾರ ಬೆಂಗಳೂರು ಕೋಟೆಯ ಮುಂದೆ ನಿಂತು ಹೈದರಾಲಿಯವರ ಬಗ್ಗೆ ಮಾತನಾಡುತ್ತಿದ್ದಾಗ, 1782ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ವರ್ತಕರು ಸಜ್ಜುಗೊಳಿಸಿದ ಯುದ್ಧನೌಕೆಯೊಂದಕ್ಕೆ ಅವರ ಹೆಸರಿತ್ತೆಂದು ಗೆಳೆಯರೊಬ್ಬರು ಹೇಳಿದರು. ಅಂದಿನಿಂದ ಆ ವರ್ತಕರ ವಿಚಾರವೇ ತಲೆಯಲ್ಲಿದೆ. ಸೈನಿಕರಿಗೆ ಸಂಬಳ ಕೊಡಲು ಪರದಾಡುತ್ತಿದ್ದ ದೇಶದಲ್ಲಿ ಇವರ ಕೈಗೆ ಅಷ್ಟೊಂದು ಹಣ ಎಲ್ಲಿಂದ ಬಂತು? ಜನ ಇವರನ್ನು ಹೇಗೆ ಕಂಡರು?

ಉತ್ತರ: ಮಲ್ಲೇಶ್ವರದ ನಿವೃತ್ತ ಅಧ್ಯಾಪಕಿ
ಸೈನ್ಯಕ್ಕೆ ಸರಕು ಪೂರೈಸುವ ಗುತ್ತಿಗೆಯಿಂದಲೂ ಹಣ ಬಂತು. ಆದರೆ ದಿಢೀರ್ ಸಿರಿ ತಂದದ್ದು ಹಡಗು ಬೇಟೆ. ಸರ್ಕಾರದ ಪರವಾನಗಿ ಪಡೆದು ಇಂಗ್ಲಿಷರ ಸರಕು ಹಡಗನ್ನು ಹಿಡಿದರೆ, ಅದನ್ನು ಹರಾಜು ಹಾಕಿ ಬಂದ ಹಣವನ್ನು ಮಾಲೀಕರೂ ನಾವಿಕರೂ ಹಂಚಿಕೊಳ್ಳುತ್ತಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಬಂದರುಗಳಾದ ಸೇಲಂನ ಡರ್ಬಿ, ಬೆವರ್ಲಿಯ ಕ್ಯಾಬಟ್ ವರ್ತಕ ಮನೆತನಗಳಿಗೆ ಇದರಿಂದ ಬಹಳ ಲಾಭವಾಯಿತು. ಇತ್ತ ಅಮೆರಿಕದ ಆಗಿನ ಆಡಳಿತ ಸಭೆಯಾದ ಕಾಂಗ್ರೆಸ್ ಮುದ್ರಿಸುತ್ತಲೇ ಹೋದ ನೋಟುಗಳ ಬೆಲೆ ಎಷ್ಟು ಕುಸಿಯಿತೆಂದರೆ, 1780ರ ಮಾರ್ಚ್‌ನಲ್ಲಿ 40 ಕಾಗದದ ಡಾಲರಿಗೆ 1 ಬೆಳ್ಳಿ ಡಾಲರ್ ಎಂದು ಕಾಂಗ್ರೆಸ್ಸೇ ಒಪ್ಪಿಕೊಳ್ಳಬೇಕಾಯಿತು. ಸಂಬಳವನ್ನು ನೋಟಿನಲ್ಲಿ ಪಡೆದವರು ಸೋತರು, ಸರಕು ದಾಸ್ತಾನಿದ್ದವರ ಗಂಟು ಬೆಳೆಯಿತು. 1778ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಕ್ಕೆ ಬಂದ ಅಮೆರಿಕದ ಸೇನಾಪತಿ ವಾಷಿಂಗ್ಟನ್, ಅಲ್ಲಿನವರು ಒಂದೊಂದು ಔತಣಕ್ಕೆ 300–400 ಪೌಂಡು ಸುರಿಯುತ್ತಿದ್ದಾರೆಂದೂ, ಅದೇ ಹೊತ್ತಿಗೆ ತಮ್ಮ ಸೇನಾಧಿಕಾರಿಗಳು ಬಡತನ ತಾಳಲಾರದೆ ಕೆಲಸ ಬಿಡುತ್ತಿದ್ದಾರೆಂದೂ ನೊಂದು ಪತ್ರ ಬರೆದರು.

ಉತ್ತರ: ಜಯನಗರದಿಂದ
ಮೇಡಂ ಹೇಳಿದ್ದರ ಜೊತೆಗೆ, ಅಬಿಗೈಲ್ ಆಡಮ್ಸ್ 1777ರ ಜುಲೈನಲ್ಲಿ ತಮ್ಮ ಗಂಡ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಆಡಮ್ಸ್‌ಗೆ ಬರೆದ ಪತ್ರವನ್ನೂ ನೋಡಬೇಕು. ಬಾಸ್ಟನ್ನಿನ ಸಿರಿವಂತ ವರ್ತಕನೊಬ್ಬ ಕಾಫಿಯನ್ನು ಕೂಡಿಟ್ಟು, ಒಂದು ಪೌಂಡು ತೂಕಕ್ಕೆ 6 ಷಿಲಿಂಗಿಗಿಂತ ಕಡಿಮೆಗೆ ಕೊಡುವುದಿಲ್ಲವೆಂದು ಹಟ ಹಿಡಿದಾಗ, ನೂರರಷ್ಟು ಹೆಂಗಸರು ಗಾಡಿ ಸಮೇತ ಬಂದು ಉಗ್ರಾಣದ ಬೀಗದ ಕೈ ಕೇಳಿದರು. ಅವನು ಕೊಡಲಿಲ್ಲ. ಒಬ್ಬಳು ಅವನ ಕುತ್ತಿಗೆ ಹಿಡಿದು ಗಾಡಿಯೊಳಕ್ಕೆ ಎತ್ತಿಹಾಕಿದಳು. ಕೀಲಿ ಕೈಸೇರಿದ ಮೇಲೆ ಗಾಡಿಯನ್ನು ವಾಲಿಸಿ ಅವನನ್ನು ಕೆಳಗುರುಳಿಸಿ, ಕಾಫಿಯನ್ನು ಹೇರಿಕೊಂಡು ಹೋದರು. ಗಂಡಸರ ದೊಡ್ಡ ಗುಂಪು ಬೆರಗಾಗಿ ಸುಮ್ಮನೆ ನೋಡುತ್ತ ನಿಂತಿತ್ತು. ಆದರೆ ಯುರೋಪಿನಿಂದ ಗಂಡ ಕಳಿಸಿದ ಸಾಮಾನುಗಳನ್ನು ಮಾರಿ ಸಂಸಾರ ತೂಗಿಸಿದವರೂ ಇದೇ ಅಬಿಗೈಲ್. ಆದ್ದರಿಂದ ಜನರ ಸಿಟ್ಟು ವ್ಯಾಪಾರದ ಮೇಲಲ್ಲ, ದಾಸ್ತಾನಿನ ಮೇಲಿತ್ತು ಎಂದೇ ನಾನು ತಿಳಿದಿದ್ದೇನೆ.

ಚಾಮರಾಜಪೇಟೆಯ ಓದುಗ
ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಹೈದರಾಲಿಯ ಹೆಸರಿನ ನೌಕೆಯೂ ಬೇಟೆಗೆಂದೇ ಹೊರಟದ್ದೇ?

ಮಲ್ಲೇಶ್ವರದ ನಿವೃತ್ತ ಅಧ್ಯಾಪಕಿ
ಅಲ್ಲ, ಡೆಲವೇರ್ ಕೊಲ್ಲಿಯಲ್ಲಿ ಸರಕು ಹಡಗುಗಳ ಕಾವಲಿಗೆ ಹೊರಟದ್ದು. ಜೋಶುವಾ ಬಾರ್ನಿ ಎಂಬ ತರುಣ ನಾಯಕ 1782ರ ಏಪ್ರಿಲ್ 8ರಂದು ಅದೇ ನೌಕೆಯಿಂದ ‘ಜನರಲ್ ಮಂಕ್’ ಎಂಬ ಇಂಗ್ಲಿಷ್ ಯುದ್ಧನೌಕೆಯನ್ನು ಸೆರೆಹಿಡಿದರು.