ಮನೆ ಸಿಗಲಿಲ್ಲ, ಐದು ಕಡೆ ಕಟ್ಟಿದ ಅರ್ಜಿ ಶುಲ್ಕವೂ ಹೋಯಿತೇ?

ಅಮೆರಿಕದಲ್ಲಿರುವ ಕನ್ನಡಿಗರ ಗುಂಪು: ‘ವಕೀಲರನ್ನು ಕೇಳಿ’

ಪ್ರಶ್ನೆ (ಸನ್ನಿವೇಲ್, ಕ್ಯಾಲಿಫೋರ್ನಿಯ):

ನಮಸ್ಕಾರ ಮೇಡಂ. ನಾನೂ ನನ್ನ ಹೆಂಡತಿಯೂ ಮೈಸೂರಿನಿಂದ ಇಲ್ಲಿಗೆ ಬಂದು ಏಳು ವಾರವಾಯಿತು. ಕಂಪನಿ ಕೊಟ್ಟಿರುವ ತಾತ್ಕಾಲಿಕ ವಸತಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಇದುವರೆಗೆ ಐದು ಅಪಾರ್ಟ್‌ಮೆಂಟ್‌ಗಳಿಗೆ ಅರ್ಜಿ ಹಾಕಿದ್ದೇವೆ. ಎಲ್ಲ ಕಡೆಯೂ ಇಬ್ಬರಿಗೂ ಬೇರೆ ಬೇರೆ ಅರ್ಜಿ ಶುಲ್ಕ, ತಲೆಗೆ 55 ಡಾಲರ್. ಒಟ್ಟು 550 ಡಾಲರ್ ಕೊಟ್ಟಾಗಿದೆ.

ಮೊದಲನೆಯವರು ‘ಬೇರೆಯವರಿಗೆ ಕೊಟ್ಟುಬಿಟ್ಟೆವು’ ಎಂದರು. ಎರಡನೆಯವರು ನಮಗೆ ಕ್ರೆಡಿಟ್ ಇತಿಹಾಸವೇ (ಇಲ್ಲಿ ಸಾಲ ಪಡೆದು ತೀರಿಸಿದ ದಾಖಲೆ) ಇಲ್ಲ ಎಂದು ತಿರಸ್ಕರಿಸಿದರು. ಮೂರನೆಯ ಕಡೆ ದುಡ್ಡು ಕಟ್ಟಿಸಿಕೊಂಡ ಮೇಲೆ ‘ಸದ್ಯ ಮನೆ ಖಾಲಿ ಇಲ್ಲ, ಪಟ್ಟಿಯಲ್ಲಿ ಇಟ್ಟಿರುತ್ತೇವೆ’ ಎಂದರು. ನಾಲ್ಕನೆಯವರಿಗೆ ಅರ್ಜಿ ಕೊಟ್ಟು 38 ದಿನವಾಯಿತು, ಹೂಂ ಇಲ್ಲ, ಉಹೂಂ ಇಲ್ಲ. ಐದನೆಯವರು ಒಪ್ಪಿದ್ದಾರೆ, ಆದರೆ ಅಡ್ವಾನ್ಸ್ ಅಲ್ಲದೆ 250 ಡಾಲರ್ ‘ಆಡಳಿತ ಶುಲ್ಕ’ ಕಟ್ಟಬೇಕು, ಅದು ವಾಪಸ್ ಬರುವುದಿಲ್ಲ ಎನ್ನುತ್ತಾರೆ. ಮನೆ ಕೇಳುವುದಕ್ಕೇ ಹೀಗೆ ದುಡ್ಡು ಪಡೆಯಲು ಕಾನೂನಿನಲ್ಲಿ ಅವಕಾಶ ಇದೆಯೇ? ಕೇಳಿದರೆ ಮುಂದೆ ಮನೆಯೇ ಸಿಗದಂತೆ ಆಗುತ್ತದೆಯೋ ಎಂಬ ಭಯವೂ ಇದೆ.

ಉತ್ತರ (ಬಾಡಿಗೆದಾರರ ಪರ ವಕೀಲೆ, ಸ್ಯಾನ್ ಹೋಸೆ):

ಮೊದಲು ಆ ಭಯದ ಮಾತು. ವಾರಕ್ಕೆ ಇಬ್ಬರು ಮೂವರಾದರೂ ಇದೇ ಅಳುಕಿನಿಂದ ನನ್ನ ಬಳಿ ಬರುತ್ತಾರೆ. ಹೊಸ ದೇಶ, ಹೊಸ ಕೆಲಸ, ಯಾಕೆ ತಕರಾರು ಎಂದು ಸುಮ್ಮನಾಗುತ್ತಾರೆ. ಆ ಮೌನದಿಂದಲೇ ಈ ದುಡ್ಡು ಮಾಲೀಕರ ಕೈಯಲ್ಲಿ ಉಳಿಯುತ್ತಿದೆ. ದಯವಿಟ್ಟು ಕೇಳಿ.

ಕ್ಯಾಲಿಫೋರ್ನಿಯದಲ್ಲಿ ಅರ್ಜಿ ಶುಲ್ಕ ಪಡೆಯುವುದು ಕಾನೂನುಬದ್ಧವೇ. ನಾಗರಿಕ ಸಂಹಿತೆಯ 1950.6ನೇ ಸೆಕ್ಷನ್ ಅದಕ್ಕೆ ಅನುಮತಿ ಕೊಡುತ್ತದೆ, ಜೊತೆಗೆ ಮೂಗುದಾರವನ್ನೂ ಹಾಕುತ್ತದೆ. ಆ ಹಣ ನಿಮ್ಮನ್ನು ಪರಿಶೀಲಿಸಲು ಆಗುವ ಖರ್ಚಿಗೆ ಮಾತ್ರ: ಕ್ರೆಡಿಟ್ ವರದಿಯ ಬೆಲೆ, ಹಿಂದಿನ ಮಾಲೀಕರಿಗೆ ಫೋನ್ ಮಾಡಿ ವಿಚಾರಿಸಲು ಹಿಡಿಯುವ ಸಮಯದ ನ್ಯಾಯವಾದ ಮೌಲ್ಯ, ಅಷ್ಟೇ. ಅದರಿಂದ ಲಾಭ ಮಾಡುವಂತಿಲ್ಲ. ಕಾನೂನು ಬಂದಾಗ ಗರಿಷ್ಠ ಮಿತಿ 30 ಡಾಲರ್ ಇತ್ತು. 1998ರಿಂದ ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚುತ್ತಾ ಬಂದು ಈಗ 60 ಡಾಲರ್ ದಾಟಿದೆ. ಮಿತಿ ಪ್ರತಿ ಅರ್ಜಿದಾರರಿಗೂ ಬೇರೆ, ಆದ್ದರಿಂದ ಇಬ್ಬರಿಂದಲೂ 55 ಪಡೆದದ್ದರಲ್ಲಿ ತಪ್ಪಿಲ್ಲ. ಖರ್ಚಿನ ವಿವರ ಬರೆದ ರಸೀದಿಯನ್ನು ಅವರು ಕೊಡಲೇಬೇಕು. ಖರ್ಚಾಗದೆ ಉಳಿದದ್ದನ್ನು ಹಿಂದಿರುಗಿಸಬೇಕು.

ನಿಮಗೆ ಮುಖ್ಯವಾದದ್ದು 2025ರ ಜನವರಿ 1ರಂದು ಜಾರಿಗೆ ಬಂದ ತಿದ್ದುಪಡಿ. ಈಗ ಶುಲ್ಕ ಪಡೆಯುವ ಮಾಲೀಕರಿಗೆ ಎರಡೇ ದಾರಿ. ಒಂದು: ಅರ್ಜಿಗಳನ್ನು ಬಂದ ಸರದಿಯಲ್ಲೇ ನೋಡಬೇಕು, ಮೊದಲೇ ಬರೆದುಕೊಟ್ಟ ಅರ್ಹತೆಗಳನ್ನು ಪೂರೈಸುವ ಮೊದಲ ಅರ್ಜಿದಾರರಿಗೆ ಮನೆ ಕೊಡಬೇಕು, ಮತ್ತು ಅರ್ಜಿಯನ್ನು ನಿಜವಾಗಿ ಪರಿಶೀಲನೆಗೆ ಎತ್ತಿಕೊಳ್ಳುವವರೆಗೆ ಶುಲ್ಕ ಪಡೆಯುವಂತಿಲ್ಲ. ಎರಡು: ಯಾರನ್ನು ಬೇಕಾದರೂ ಆರಿಸಿಕೊಳ್ಳಲಿ, ಆದರೆ ಆಯ್ಕೆಯಾಗದ ಎಲ್ಲರಿಗೂ, ಕಾರಣ ಏನೇ ಇರಲಿ, ಶುಲ್ಕವನ್ನು ಪೂರ್ತಿ ಹಿಂದಿರುಗಿಸಬೇಕು. ಅದಕ್ಕೆ ಗಡುವು, ಬೇರೊಬ್ಬರನ್ನು ಆರಿಸಿದ 7 ದಿನ ಅಥವಾ ನೀವು ಅರ್ಜಿ ಕೊಟ್ಟ 30 ದಿನ, ಯಾವುದು ಮೊದಲೋ ಅದು.

ಈಗ ನಿಮ್ಮ ಮೊದಲನೆಯ ಮನೆಯನ್ನು ನೋಡಿ. ‘ಬೇರೆಯವರಿಗೆ ಕೊಟ್ಟೆವು’ ಎಂದರೆ ಏನರ್ಥ? ಸರದಿಯ ದಾರಿಯಲ್ಲಿದ್ದರೆ, ನಿಮಗಿಂತ ಮುಂದಿದ್ದವರಿಗೆ ಮನೆ ಹೋಯಿತು, ನಿಮ್ಮ ಅರ್ಜಿಯನ್ನು ಅವರು ತೆರೆಯಲೇ ಇಲ್ಲ, ಹಾಗಾದರೆ ಶುಲ್ಕ ಪಡೆದದ್ದೇ ತಪ್ಪು. ಆಯ್ಕೆಯ ದಾರಿಯಲ್ಲಿದ್ದರೆ ಹಿಂದಿರುಗಿಸಬೇಕಿತ್ತು. ಸರದಿಯ ದಾರಿಯಲ್ಲಿ ಪರಿಶೀಲಿಸಿ, ನೀವು ಅರ್ಹತೆಯಲ್ಲಿ ಸೋತಿರಿ ಎಂದು ಅವರು ತೋರಿಸದ ಹೊರತು, ಎರಡರಲ್ಲಿ ಯಾವ ದಾರಿ ಹಿಡಿದರೂ 110 ಡಾಲರ್ ನಿಮ್ಮದೇ.

ಎರಡನೆಯದು ಬೇರೆ. ಕ್ರೆಡಿಟ್ ಇತಿಹಾಸ ಬೇಕೆಂದು ಅರ್ಜಿಯ ಜೊತೆಗೇ ಬರಹದಲ್ಲಿ ಕೊಟ್ಟಿದ್ದರೆ, ನಿಜವಾಗಿ ಪರಿಶೀಲಿಸಿದ್ದರೆ, ಸರದಿಯ ದಾರಿಯವರು ಶುಲ್ಕವನ್ನು ಇಟ್ಟುಕೊಳ್ಳಬಹುದು. ಆದರೆ ಕ್ರೆಡಿಟ್ ವರದಿ ತಮ್ಮ ಕೈಸೇರಿದ 7 ದಿನದೊಳಗೆ ಅದರ ಪ್ರತಿಯನ್ನು ನಿಮಗೆ ಕೊಡಬೇಕಿತ್ತು. ವರದಿಯ ಕಾರಣಕ್ಕೆ ತಿರಸ್ಕರಿಸಿದ್ದರೆ, ಅದನ್ನು ತಯಾರಿಸಿದ ಸಂಸ್ಥೆಯ ಹೆಸರನ್ನೂ ತಿಳಿಸಬೇಕು, ಇದು ಇಡೀ ದೇಶಕ್ಕೆ ಅನ್ವಯಿಸುವ ಒಕ್ಕೂಟದ ಕಾನೂನು. ಆ ಸಂಸ್ಥೆಯಿಂದ 60 ದಿನದೊಳಗೆ ನೀವು ಉಚಿತ ಪ್ರತಿ ಕೇಳಬಹುದು.

ಮೂರನೆಯದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವಂಥದ್ದು. ಮನೆ ಖಾಲಿ ಇಲ್ಲ, ಸದ್ಯದಲ್ಲಿ ಆಗುವುದೂ ಇಲ್ಲ ಎಂದು ಗೊತ್ತಿದ್ದೂ ಶುಲ್ಕ ಪಡೆಯುವುದನ್ನು ಕಾನೂನು ನೇರವಾಗಿ ನಿಷೇಧಿಸಿದೆ. ‘ಪಟ್ಟಿಯಲ್ಲಿ ಇಟ್ಟಿರುತ್ತೇವೆ’ ಎಂದು ಅವರೇ ಬರೆದು ಕಳಿಸಿದ ಇಮೇಲ್ ಇದ್ದರೆ ಜೋಪಾನ ಮಾಡಿ. ನಾಲ್ಕನೆಯವರು ಎರಡನೇ ದಾರಿಯವರಾದರೆ 30 ದಿನದ ಗಡುವು ಮೀರಿದ್ದಾರೆ. ಅರ್ಜಿಯನ್ನು ಮುಟ್ಟಿಯೇ ಇಲ್ಲದಿದ್ದರೆ ಶುಲ್ಕವೇ ಸಲ್ಲ.

ಐದನೆಯವರ 250 ಡಾಲರ್: ಸಹಿ ಹಾಕುವ ಮುನ್ನ ಇದನ್ನು ಬಿಡಿಸಿಕೊಳ್ಳಿ. ಹೆಸರು ಏನಿಟ್ಟರೂ, ಅರ್ಜಿಯನ್ನು ಪರಿಶೀಲಿಸಲು ಪಡೆಯುವ, ವಾಪಸ್ ಬಾರದ ಹಣವೆಲ್ಲ ಆ 60 ಚಿಲ್ಲರೆ ಡಾಲರಿನ ಮಿತಿಯೊಳಗೇ ಬರುತ್ತದೆ. ಹೊಸ ಬಾಡಿಗೆದಾರರನ್ನು ಸೇರಿಸಿಕೊಳ್ಳುವ ಖರ್ಚಿಗೆಂದು ಆರಂಭದಲ್ಲಿ ಪಡೆದದ್ದಾದರೆ, 1950.5ನೇ ಸೆಕ್ಷನ್ ಪ್ರಕಾರ ಅದು ಅಡ್ವಾನ್ಸ್ ಲೆಕ್ಕಕ್ಕೆ ಸೇರುತ್ತದೆ. ಅಡ್ವಾನ್ಸನ್ನು ‘ವಾಪಸ್ ಇಲ್ಲ’ ಎಂದು ಬರೆಯುವಂತೆಯೇ ಇಲ್ಲ. ಮೇಲಾಗಿ 2024ರ ಜುಲೈ 1ರಿಂದ ಅಡ್ವಾನ್ಸ್ ಒಂದು ತಿಂಗಳ ಬಾಡಿಗೆ ಮೀರಕೂಡದು, ಸಣ್ಣ ಮಾಲೀಕರಿಗೆ ಮಾತ್ರ ಸ್ವಲ್ಪ ರಿಯಾಯಿತಿ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಿರುವ ನಮ್ಮ ಬೆಂಗಳೂರಿನವರು ಇಲ್ಲಿ ಕೇಳಿದಷ್ಟನ್ನು ಎಣಿಸಿ ಕೊಟ್ಟುಬಿಡುತ್ತಾರೆ.

ಪ್ರತಿಕ್ರಿಯೆ (ಅದೇ ಪ್ರಶ್ನೆ ಕೇಳಿದವರು):

ತುಂಬಾ ಧನ್ಯವಾದ ಮೇಡಂ. ರಸೀದಿ ಎಂದು ನಮಗೆ ಬಂದದ್ದು ಬರೀ ‘ಪಾವತಿ ಯಶಸ್ವಿ’ ಎಂಬ ಇಮೇಲ್. ಈಗ ಏನು ಬರೆದು ಕೇಳಬೇಕು?

ಉತ್ತರ:

ಆ ಇಮೇಲ್ ರಸೀದಿಯಲ್ಲ. ಹೋದ ವರ್ಷ ಹಾಸನದ ಕಡೆಯ ಒಂದು ದಂಪತಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಮುಂದೆ ಇಂಥವೇ ಒಂಬತ್ತು ಇಮೇಲ್‌ಗಳ ಮುದ್ರಿತ ಪ್ರತಿಗಳನ್ನು ಹರಡಿದ್ದರು. ಒಂಬತ್ತರಲ್ಲಿ ಒಂದೇ ಒಂದು ಹಾಳೆಯಲ್ಲಿ ಲೆಕ್ಕ ಬಿಡಿಸಿ ಬರೆದಿತ್ತು: ಕ್ರೆಡಿಟ್ ವರದಿಗೆ ಇಷ್ಟು, ಹಿಂದಿನ ಮನೆಯ ವಿಚಾರಣೆಗೆ ಇಷ್ಟು, ಉಳಿದ 11 ಡಾಲರ್ ಮರಳಿಸಲಾಗಿದೆ. ಕಾನೂನು ಎಲ್ಲರಿಂದಲೂ ಕೇಳುವುದು ಆ ಒಂದು ಹಾಳೆಯನ್ನೇ.

ಪತ್ರ ಇಂಗ್ಲಿಷಿನಲ್ಲಿ, ಚಿಕ್ಕದಾಗಿ, ಮರ್ಯಾದೆಯಿಂದ ಇರಲಿ. ಸಾರ ಇಷ್ಟು: ‘ಇಂಥ ದಿನ, ಇಂಥ ಮನೆಗೆ ನಾವಿಬ್ಬರೂ ಅರ್ಜಿ ಕೊಟ್ಟು 110 ಡಾಲರ್ ಪಾವತಿಸಿದೆವು. ನಾಗರಿಕ ಸಂಹಿತೆ 1950.6ರ ಪ್ರಕಾರ ಖರ್ಚಿನ ವಿವರವಿರುವ ರಸೀದಿ, ನಮ್ಮ ಕ್ರೆಡಿಟ್ ವರದಿಯ ಪ್ರತಿ, ನೀವು ಅನುಸರಿಸುವ ಲಿಖಿತ ಅರ್ಹತೆಗಳ ಪ್ರತಿ ಕಳುಹಿಸಿ. ನಮ್ಮ ಅರ್ಜಿಯನ್ನು ಸರದಿಯಲ್ಲಿ ಪರಿಶೀಲಿಸಿದ್ದೀರಾ ಎಂಬುದನ್ನು ತಿಳಿಸಿ. ಇಲ್ಲವಾದರೆ 14 ದಿನದೊಳಗೆ ಶುಲ್ಕ ಹಿಂದಿರುಗಿಸಿ.’ 14 ದಿನ ಎಂಬುದು ಕಾನೂನಿನ ಗಡುವಲ್ಲ, ನೀವು ಹಾಕುವ ಗಡುವು. ಲೀಸಿಂಗ್ ಆಫೀಸಿನ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಬೇಡಿ. ಅಲ್ಲಿ ಕೂತಿರುವ ಹುಡುಗಿಗೋ ಹುಡುಗನಿಗೋ ಅಧಿಕಾರವಿರುವುದಿಲ್ಲ, ನಿಮ್ಮ ಮಾತಿಗೆ ದಾಖಲೆಯೂ ಉಳಿಯುವುದಿಲ್ಲ.

ಇನ್ನು ಮುಂದೆ ದುಡ್ಡು ಕಟ್ಟುವ ಮೊದಲು ಮೂರು ಮಾತು ಕೇಳಿ: ಈ ಮನೆ ಈಗ ಖಾಲಿ ಇದೆಯೇ, ನನ್ನ ಮುಂದೆ ಎಷ್ಟು ಅರ್ಜಿಗಳಿವೆ, ಕ್ರೆಡಿಟ್ ಇತಿಹಾಸ ಇಲ್ಲದವರ ಅರ್ಜಿಯನ್ನು ಒಪ್ಪುತ್ತೀರಾ. ಕೊನೆಯದಕ್ಕೆ ‘ಇಲ್ಲ’ ಎಂದರೆ 110 ಡಾಲರ್ ಅಲ್ಲೇ ಉಳಿಯಿತು. ಕೆಲವು ಮಾಲೀಕರು ಕಂಪನಿಯ ನೇಮಕಾತಿ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಉಳಿತಾಯ ನೋಡಿ ಒಪ್ಪುತ್ತಾರೆ. 30 ದಿನದೊಳಗೆ ತಯಾರಾದ, ಹಲವು ಕಡೆ ಬಳಸಬಹುದಾದ ಒಂದೇ ಪರಿಶೀಲನಾ ವರದಿಯನ್ನು ಒಪ್ಪುವ ಮಾಲೀಕರೂ ಇದ್ದಾರೆ. ಒಪ್ಪಲೇಬೇಕೆಂಬ ಕಡ್ಡಾಯವಿಲ್ಲ, ಆದರೆ ಒಪ್ಪಿದವರು ಬೇರೆ ಅರ್ಜಿ ಶುಲ್ಕ ಪಡೆಯುವಂತಿಲ್ಲ.

ಪ್ರಶ್ನೆ (ಅರ್ವಿಂಗ್, ಟೆಕ್ಸಸ್):

ಇಲ್ಲಿಯೂ ಇದೇ ನಿಯಮವೇ? ನನ್ನಿಂದ 75 ಪಡೆದರು, ಮೇಲೆ 150 ‘ಅರ್ಜಿ ಠೇವಣಿ’.

ಉತ್ತರ:

ಇಲ್ಲ, ರಾಜ್ಯ ಬದಲಾದರೆ ಕಾನೂನೂ ಬದಲು. ಟೆಕ್ಸಸ್‌ನಲ್ಲಿ ಶುಲ್ಕಕ್ಕೆ ಮಿತಿಯೇ ಇಲ್ಲ. ಆದರೆ ಬಾಡಿಗೆದಾರರನ್ನು ಆರಿಸುವ ಮಾನದಂಡಗಳನ್ನು ಅರ್ಜಿಯ ಜೊತೆಗೆ ಮುದ್ರಿಸಿ ಕೊಡಬೇಕು. ಕೊಡದೆ ತಿರಸ್ಕರಿಸಿದರೆ ಶುಲ್ಕ, ಠೇವಣಿ ಎರಡನ್ನೂ ಹಿಂದಿರುಗಿಸಬೇಕು. ಶುಲ್ಕ ಬೇರೆ, ಠೇವಣಿ ಬೇರೆ ಎಂಬುದನ್ನು ಗಮನಿಸಿ: ತಿರಸ್ಕರಿಸಿದರೆ ಠೇವಣಿ ನಿಮಗೆ ಬರಬೇಕು. ಪೂರ್ತಿ ಅರ್ಜಿ ಕೊಟ್ಟ ಏಳನೇ ದಿನದೊಳಗೆ ಒಪ್ಪಿಗೆ ಬಾರದಿದ್ದರೆ ತಿರಸ್ಕರಿಸಿದಂತೆಯೇ ಲೆಕ್ಕ. ನಿಮ್ಮ ದಿನಗಳನ್ನು ಎಣಿಸಿ ನೋಡಿ.

ಪ್ರಶ್ನೆ (ಬಾಸ್ಟನ್‌ನ ವಿದ್ಯಾರ್ಥಿನಿ):

ಮ್ಯಾಸಚೂಸೆಟ್ಸ್? ನ್ಯೂಯಾರ್ಕಿನಲ್ಲಿರುವ ಅಣ್ಣನಿಗೂ ಬೇಕಿತ್ತು.

ಉತ್ತರ:

ನಿಮ್ಮಲ್ಲಿ ಮಾಲೀಕರು ಅರ್ಜಿ ಶುಲ್ಕ ಪಡೆಯುವಂತೆಯೇ ಇಲ್ಲ. ಮನೆ ಕೊಡುವಾಗ ಅವರು ಪಡೆಯಬಹುದಾದದ್ದು ಮೊದಲ ತಿಂಗಳ ಬಾಡಿಗೆ, ಕೊನೆಯ ತಿಂಗಳ ಬಾಡಿಗೆ, ಒಂದು ತಿಂಗಳಿನಷ್ಟು ಅಡ್ವಾನ್ಸ್, ಬೀಗ ಬದಲಿಸುವ ಖರ್ಚು, ಇಷ್ಟೇ. ನ್ಯೂಯಾರ್ಕಿನಲ್ಲಿ 2019ರಿಂದ ಗರಿಷ್ಠ 20 ಡಾಲರ್ ಅಥವಾ ನಿಜವಾದ ಖರ್ಚು, ಯಾವುದು ಕಡಿಮೆಯೋ ಅದು. 30 ದಿನದೊಳಗಿನ ವರದಿಯನ್ನು ಅಣ್ಣನೇ ತಂದುಕೊಟ್ಟರೆ ಅದೂ ಬೇಡ. ನ್ಯೂಯಾರ್ಕ್ ನಗರದಲ್ಲಿ 2025ರ ಜೂನ್‌ನಿಂದ ದಲ್ಲಾಳಿಯನ್ನು ಗೊತ್ತುಮಾಡಿದವರೇ ಅವರ ಕಮಿಷನ್ ಕೊಡಬೇಕು ಎಂಬುದನ್ನೂ ಹೇಳಿ.

ಪ್ರಶ್ನೆ (ಫ್ರೀಮಾಂಟ್‌ನ ಮನೆ ಮಾಲೀಕರು):

ಮೇಡಂ, ನಾನು ಇನ್ನೊಂದು ಕಡೆಯವನು. ಸಾಲ ಮಾಡಿ ತೆಗೆದುಕೊಂಡ ಒಂದೇ ಒಂದು ಸಣ್ಣ ಮನೆಯನ್ನು ಬಾಡಿಗೆಗೆ ಕೊಡುತ್ತಿದ್ದೇನೆ. ಜಾಹೀರಾತು ಹಾಕಿದ ಎರಡು ದಿನಕ್ಕೆ ಮೂವತ್ತು ಅರ್ಜಿ. ಪರಿಶೀಲನೆಯ ಖರ್ಚನ್ನು ನಾನೇಕೆ ಹೊರಬೇಕು? ಎಲ್ಲ ಮಾಲೀಕರನ್ನೂ ಕಳ್ಳರಂತೆ ನೋಡಬೇಡಿ.

ಉತ್ತರ:

ನಿಮ್ಮನ್ನು ಕಳ್ಳರೆಂದು ನಾನು ಭಾವಿಸಿಲ್ಲ. ಒಂದು ಮನೆಯ ಮಾಲೀಕರ ಕಷ್ಟ ನನಗೆ ಗೊತ್ತಿದೆ, ಬಾಡಿಗೆ ಎರಡು ತಿಂಗಳು ನಿಂತರೆ ಸಾಲದ ಕಂತು ಕತ್ತಿನ ಮೇಲೆ ಕೂರುತ್ತದೆ. ನೀವು ಪರಿಶೀಲಿಸಲೇಬೇಕು, ಅದರ ಖರ್ಚನ್ನು ಪಡೆಯಲೂ ಬಹುದು. ಮೂವತ್ತು ಜನರಿಂದ ಮಾತ್ರ ಪಡೆಯಬೇಡಿ. ಅರ್ಹತೆಗಳನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಳುಹಿಸಿ, ಆದಾಯ ಬಾಡಿಗೆಯ ಎಷ್ಟು ಪಟ್ಟು ಇರಬೇಕು ಎಂಬುದು ಸೇರಿ. ಅರ್ಧದಷ್ಟು ಜನ ತಾವೇ ಹಿಂದೆ ಸರಿಯುತ್ತಾರೆ. ಉಳಿದವರಲ್ಲಿ ಮೊದಲು ಬಂದವರಿಂದ ಶುಲ್ಕ ಪಡೆದು ಪರಿಶೀಲಿಸಿ. ಸರಿಬಂದರೆ ಅಲ್ಲಿಗೆ ನಿಲ್ಲಿಸಿ, ಇಲ್ಲದಿದ್ದರೆ ಮುಂದಿನವರು.

ನಮ್ಮವರಲ್ಲೇ ಕಾಣುವ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ‘ವೀಸಾ ಯಾವುದು, ಎಷ್ಟು ದಿನ ಇರುತ್ತದೆ’ ಎಂದು ಅರ್ಜಿದಾರರನ್ನು ಕೇಳಬೇಡಿ. ಗುರುತು, ಹಣಕಾಸಿನ ಯೋಗ್ಯತೆಗಳನ್ನು ಪರಿಶೀಲಿಸಬಹುದು. ವಲಸೆ ಸ್ಥಿತಿಯನ್ನು ವಿಚಾರಿಸುವುದು ಕ್ಯಾಲಿಫೋರ್ನಿಯದಲ್ಲಿ ನಿಷಿದ್ಧ. ನಾವೂ ಒಂದು ಕಾಲದಲ್ಲಿ ಅದೇ ಪ್ರಶ್ನೆಗೆ ತಲೆತಗ್ಗಿಸಿ ಉತ್ತರಿಸಿದವರೇ.

ಪ್ರಶ್ನೆ (ಬೆಂಗಳೂರು):

ನನ್ನ ಮಗ ಬೆಂಗಳೂರಿನಲ್ಲಿ ಮನೆ ಹುಡುಕುತ್ತಿದ್ದಾನೆ. ಮಾಲೀಕ ಸೇನೆಯಲ್ಲಿದ್ದಾನಂತೆ, ಮನೆ ನೋಡಲು ‘ಗೇಟ್ ಪಾಸ್’ ಎಂದು ಮೊದಲೇ ಹಣ ಕಳಿಸಲು ಹೇಳುತ್ತಾನೆ. ಇದೂ ಅರ್ಜಿ ಶುಲ್ಕವೇ?

ಉತ್ತರ:

ಅಲ್ಲಮ್ಮ, ಇದು ಮೋಸ. ಒಂದು ರೂಪಾಯಿಯನ್ನೂ ಕಳಿಸದಿರಲಿ. ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಇಲ್ಲಿಯೂ ಇದರ ಅವಳಿ ಇದೆ: ಮನೆ ತೋರಿಸದೆ, ಮೊಬೈಲಿನಲ್ಲೇ ‘ಅರ್ಜಿ ಶುಲ್ಕ’ ಕೇಳುವ ಸುಳ್ಳು ಜಾಹೀರಾತುಗಳು. ಬಾಗಿಲೊಳಗೆ ಕಾಲಿಟ್ಟು ನೋಡದ ಮನೆಗೆ ದುಡ್ಡು ಕೊಡಬೇಡಿ.

ಪ್ರತಿಕ್ರಿಯೆ (ಸನ್ನಿವೇಲ್, ಮೂರು ವಾರದ ನಂತರ):

ಮೇಡಂ, ಪತ್ರ ಕಳಿಸಿದ್ದೆವು. ಮೊದಲನೆಯವರು ಆರನೇ ದಿನ 110 ಡಾಲರ್ ಹಾಕಿದರು, ಒಂದು ಮಾತೂ ಬರೆಯಲಿಲ್ಲ. ನಾಲ್ಕನೆಯವರೂ ಹಿಂದಿರುಗಿಸಿದರು. ಎರಡನೆಯವರು ವರದಿಯ ಪ್ರತಿ, ರಸೀದಿ ಕಳಿಸಿ ತಮ್ಮದು ಸರಿ ಎಂದರು. ಐದನೆಯ ಮನೆಯನ್ನೇ ಹಿಡಿದೆವು, ಆ 250ನ್ನು ಕರಾರಿನಿಂದ ತೆಗೆದರು. ಮೂರನೆಯವರು ಮಾತ್ರ ‘ನಮ್ಮ ನೀತಿಯ ಪ್ರಕಾರ ಶುಲ್ಕ ವಾಪಸ್ ಇಲ್ಲ’ ಎಂದು ಒಂದೇ ಸಾಲು ಬರೆದಿದ್ದಾರೆ.

ಉತ್ತರ:

ಓದಿ ಬಹಳ ಸಂತೋಷವಾಯಿತು. ಎರಡನೆಯವರದು ಸರಿಯಾಗಿಯೇ ಕಾಣುತ್ತದೆ, ಬಿಟ್ಟುಬಿಡಿ. ಮೂರನೆಯವರ ನೀತಿ ಕಾನೂನಿಗಿಂತ ಮೇಲಲ್ಲ. ಸಣ್ಣ ದಾವೆಗಳ ನ್ಯಾಯಾಲಯಕ್ಕೆ ಹೋಗಿ. ಎಸ್‌ಸಿ-100 ಎಂಬ ನಮೂನೆ ತುಂಬಬೇಕು, ನಿಮ್ಮ ಮೊತ್ತಕ್ಕೆ 30 ಡಾಲರ್ ಶುಲ್ಕ, ಗೆದ್ದರೆ ಅದನ್ನೂ ಕೇಳಿ ಪಡೆಯಬಹುದು. ಅಲ್ಲಿ ವಕೀಲರು ನಿಮ್ಮ ಪರವಾಗಿ ವಾದಿಸುವಂತಿಲ್ಲ, ಅವರ ಪರವಾಗಿಯೂ ಇಲ್ಲ. ನೀವೇ ನಿಂತು ಮಾತನಾಡಬೇಕು. ನಿಮ್ಮ ಪತ್ರ, ಅವರ ಒಂದು ಸಾಲು, ‘ಪಟ್ಟಿಯಲ್ಲಿ ಇಟ್ಟಿರುತ್ತೇವೆ’ ಎಂಬ ಆ ಇಮೇಲ್, ಮೂರನ್ನೂ ಮೂರು ಮೂರು ಪ್ರತಿ ಮುದ್ರಿಸಿಕೊಳ್ಳಿ: ಒಂದು ನ್ಯಾಯಾಧೀಶರಿಗೆ, ಒಂದು ಎದುರಾಳಿಗೆ, ಒಂದು ನಿಮ್ಮ ಕೈಯಲ್ಲಿ. ನಮೂನೆ ತುಂಬಿದ ಮೇಲೆ ನನಗೊಮ್ಮೆ ಕಳಿಸಿ, ಪ್ರತಿವಾದಿಯ ಹೆಸರನ್ನು ಸರಿಯಾಗಿ ಬರೆದಿದ್ದೀರಾ ನೋಡಿಕೊಡುತ್ತೇನೆ. ಫಲಕದ ಮೇಲಿರುವ ಅಪಾರ್ಟ್‌ಮೆಂಟಿನ ಹೆಸರನ್ನಲ್ಲ, ಅದರ ಹಿಂದಿರುವ ಕಂಪನಿಯ ಹೆಸರನ್ನು ಬರೆಯಬೇಕು.