ಪೀಠಿಕೆ ಬಾಯಿಪಾಠ ಬಂದರೆ ಸಾಕಾ? ಹೈಸ್ಕೂಲು ಮಕ್ಕಳಿಗೆ ಸಂವಿಧಾನ ಕಲಿಸುವ ಬಗ್ಗೆ ಚರ್ಚೆ

ಸಮಾಜ_ಮೇಷ್ಟ್ರು
ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. 2023ರಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆ ಹೊತ್ತಿಗೆ ಸಂವಿಧಾನ ಪೀಠಿಕೆ ಓದಿಸುವ ಪದ್ಧತಿ ಬಂದಿದೆ. ಒಬ್ಬರು ಮುಂದೆ ನಿಂತು ಹೇಳುತ್ತಾರೆ, ಉಳಿದವರು ಕೂಗಿ ಹೇಳುತ್ತಾರೆ. ನಮ್ಮ 9ನೇ ತರಗತಿಯವರಿಗೆಲ್ಲ ಈಗ ಅದು ಬಾಯಿಪಾಠ. ಹೋದ ವಾರ 'ಭ್ರಾತೃತ್ವ ಅಂದ್ರೇನು' ಅಂತ ಕೇಳಿದೆ. 42 ಮಕ್ಕಳಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಬೆಂಚಿನ ಹುಡುಗಿ ಎದ್ದು, "ಸಾರ್, ಕೊನೆಗೆ 'ಅರ್ಪಿಸಿಕೊಂಡಿದ್ದೇವೆ' ಅಂತ ಇದೆಯಲ್ಲ, ಕೊಟ್ಟವರು ಯಾರು, ತಗೊಂಡವರು ಯಾರು?" ಅಂದಳು. ಆ ಪ್ರಶ್ನೆಗೇ ಇಡೀ ಪಿರಿಯಡ್ ಹೋಯಿತು. ಈ ವರ್ಷ ಅಷ್ಟು ಒಳ್ಳೆಯ ಕ್ಲಾಸು ಇನ್ನೊಂದು ಆಗಿಲ್ಲ.

ನನ್ನ ಮಾತು ಇಷ್ಟೇ. ದಿನಾ ಓದಿಸುವುದು ಸಾಲದು. ವಾರಕ್ಕೊಂದು ಪದ ಹಿಡಿಯೋಣ. ಒಂದು ವಾರ ನ್ಯಾಯ, ಒಂದು ವಾರ ಸಮಾನತೆ, ಒಂದು ವಾರ ಜಾತ್ಯತೀತ. ಆ ಪದ ನಮ್ಮ ಊರಿನಲ್ಲಿ ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಅಂತ ಮಕ್ಕಳೇ ಹುಡುಕಿಕೊಂಡು ಬರಲಿ. ನೀವೇನಂತೀರಿ?

ಕೋರ್ಟ್_ಕಟ್ಟೆ
"ವಾರಕ್ಕೊಂದು ಪದ" ಹಿಡಿದು ಮಗು ಏನು ಮಾಡಬೇಕು ಮೇಷ್ಟ್ರೇ? ಬರೀ ಪೀಠಿಕೆ ಹಿಡಿದುಕೊಂಡು ಯಾರೂ ಕೋರ್ಟಿಗೆ ಹೋಗೋಕೆ ಆಗಲ್ಲ. ವಿಧಿಗಳನ್ನು ಕಲಿಸಿ. 15ನೇ ವಿಧಿಯ 2ನೇ ಖಂಡ ಓದಿ ನೋಡಿ: ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲ ಹೆಸರು ಹಿಡಿದು ಬರೆದಿದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 22ನೇ ವಿಧಿ, ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಅನ್ನುತ್ತದೆ. ಇವು ನಾಳೆ ಬೆಳಿಗ್ಗೆ ಕೆಲಸಕ್ಕೆ ಬರುವ ವಿದ್ಯೆ. ಪೀಠಿಕೆ ಸಂವಿಧಾನದ ಭಾಗವೇ ಅಲ್ಲ ಅಂತ 1960ರ ಬೇರೂಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಕಾಸರಗೋಡು_ಕನ್ನಡಿಗ
ವಕೀಲರೇ, 1960ಕ್ಕೇ ಯಾಕೆ ನಿಲ್ಲಿಸಿದಿರಿ? 1973ರ ಏಪ್ರಿಲ್ 24ಕ್ಕೆ ಬನ್ನಿ. 13 ನ್ಯಾಯಮೂರ್ತಿಗಳ ಪೀಠ ಕೇಶವಾನಂದ ಭಾರತಿ ಪ್ರಕರಣದಲ್ಲಿ ಆ ಮಾತನ್ನು ತೆಗೆದುಹಾಕಿತು. ಪೀಠಿಕೆ ಸಂವಿಧಾನದ ಭಾಗವೇ ಅಂತ ಹೇಳಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಮುಟ್ಟುವಂತಿಲ್ಲ ಅಂತ 7-6ರಲ್ಲಿ ತೀರ್ಪು ಬಂತು. ಆ ಕೇಶವಾನಂದ ಭಾರತಿಯವರು ನಮ್ಮ ಎಡನೀರು ಮಠದ ಸ್ವಾಮಿಗಳು. ಮಠದ ಜಮೀನಿನ ವಿಚಾರವಾಗಿ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಹೋದವರು. ಕನ್ನಡ ಮಾತಾಡುವ ಊರಿನಿಂದ ಹೊರಟ ಒಂದು ಅರ್ಜಿ ಇಡೀ ದೇಶದ ಸಂವಿಧಾನವನ್ನು ಕಾಯ್ದಿದೆ. ಇದನ್ನು ನಮ್ಮ ಎಷ್ಟು ಮಕ್ಕಳಿಗೆ ಹೇಳಿದ್ದೇವೆ? ಕಥೆ ಹಾಗೆ ಹೇಳಿದರೆ ಯಾವ ಮಗು ತಾನೇ ಕೇಳಲ್ಲ?

ಕೋರ್ಟ್_ಕಟ್ಟೆ
"ಭಾಗ" ಅಂದರೆ ಅದರ ಮೇಲೆ ಕೇಸು ಹಾಕಬಹುದು ಅಂತ ಅರ್ಥ ಅಲ್ಲ. ಎರಡನ್ನೂ ಬೆರೆಸಬೇಡಿ. ಉಳಿದ ವಿಧಿಗಳಿಗೆ ಅರ್ಥ ಹಚ್ಚುವಾಗ ಪೀಠಿಕೆ ಸಹಾಯಕ್ಕೆ ಬರುತ್ತದೆ, ಅಷ್ಟೇ.

ಪದ_ಕಟ್ಟೋಣ
ಎಲ್ಲರೂ ಮುಖ್ಯ ವಿಷಯ ಬಿಟ್ಟಿದ್ದೀರಿ. ಮೇಷ್ಟ್ರು "ಒಂದು ವಾರ ಜಾತ್ಯತೀತ" ಅಂದಿದ್ದಾರೆ. ಆ ಪದವೇ ತಪ್ಪು. ಸೆಕ್ಯುಲರ್ ಅನ್ನುವುದಕ್ಕೂ ಜಾತಿಗೂ ಏನು ಸಂಬಂಧ? ಜಾತಿ ಮೀರಿದ್ದು ಅಂತ ಮಗು ತಿಳಿದುಕೊಳ್ಳುತ್ತದೆ. ಅಲ್ಲಿರುವುದು ಸರ್ಕಾರ ಮತ್ತು ಮತಧರ್ಮದ ಸಂಬಂಧ. ನನ್ನ ತಂಗಿ ಮಗಳ ಶಾಲೆ ಗೋಡೆಯ ಮೇಲೆ 'ಸರ್ವಧರ್ಮ ಸಮಭಾವ' ಅಂತ ಬರೆದಿದೆ. ಪಕ್ಕದ ಶಾಲೆಯಲ್ಲಿ 'ಜಾತ್ಯತೀತ'. ಟಿ.ವಿ.ಯಲ್ಲಿ 'ಧರ್ಮನಿರಪೇಕ್ಷ'. ಮೂರು ಪದ, ಮೂರು ಅರ್ಥ. ಮೊದಲು ಪದ ಸರಿ ಮಾಡಿ, ಆಮೇಲೆ ಪಾಠ ಮಾಡಿ.

ಹುಬ್ಬಳ್ಳಿಯಿಂದ
"ಆ ಪದವೇ ತಪ್ಪು" ಅಂತ ಅಷ್ಟು ಸಲೀಸಾಗಿ ಹೇಳಬ್ಯಾಡ್ರಿ. ನಮ್ಮ ಕಡೆ ಹಳ್ಳಿಯಲ್ಲಿ ಜಾತಿ ಅಂದ್ರ ಬರೀ ಒಳಪಂಗಡ ಅಲ್ಲ. 'ಅವ್ರು ಬ್ಯಾರೆ ಜಾತಿಯವ್ರು' ಅಂದ್ರ ಬೇರೆ ಮತದವರು ಅಂತಲೂ ಅರ್ಥ ಆಗುತ್ತದೆ. ಜನರ ಬಾಯಲ್ಲಿ ಎರಡಕ್ಕೂ ಒಂದೇ ಪದ. ಅದಕ್ಕೇ ಜಾತ್ಯತೀತ ಅನ್ನೋದು ಕನ್ನಡದಲ್ಲಿ ನಿಂತಿದೆ. ಒಂದು ಪಕ್ಷದ ಹೆಸರಿನಲ್ಲೇ ಇದೆ, ಮತ ಹಾಕುವ ಅಜ್ಜಿಗೂ ಗೊತ್ತು.

ಪದ_ಕಟ್ಟೋಣ
ಅಜ್ಜಿಗೆ ಗೊತ್ತಿರುವುದು ಪಕ್ಷದ ಹೆಸರು, ಪದದ ಅರ್ಥ ಅಲ್ಲ. ಸಂವಿಧಾನದ ಹಿಂದಿ ಪಠ್ಯದಲ್ಲಿ 'ಪಂಥನಿರಪೇಕ್ಷ' ಅಂತ ಎಷ್ಟು ಯೋಚಿಸಿ ಇಟ್ಟಿದ್ದಾರೆ. 'ಧರ್ಮ' ಅನ್ನುವ ಪದವನ್ನೇ ಅಲ್ಲಿ ತರಲಿಲ್ಲ. ನಾವೂ 'ಮತನಿರಪೇಕ್ಷ' ಅನ್ನಬಹುದಿತ್ತು.

ನೇರ_ಮಾತು
ಯಾವ ಪದವಾದರೂ ಇಡಿ, 1949ರ ನವೆಂಬರ್ 26ರಂದು ಅಂಗೀಕರಿಸಿದ ಪೀಠಿಕೆಯಲ್ಲಿ ಅದು ಇರಲೇ ಇಲ್ಲ. ತುರ್ತುಪರಿಸ್ಥಿತಿ ಕಾಲದಲ್ಲಿ, 1976ರ 42ನೇ ತಿದ್ದುಪಡಿಯಲ್ಲಿ ಸೇರಿಸಿದ್ದು. ವಿರೋಧ ಪಕ್ಷದವರು ಜೈಲಿನಲ್ಲಿದ್ದಾಗ ಮಾಡಿದ ತಿದ್ದುಪಡಿ ಅದು. 1948ರ ನವೆಂಬರ್ 15ರಂದು ಸಂವಿಧಾನ ಸಭೆಯ ಸದಸ್ಯ ಕೆ.ಟಿ. ಶಾ ಅವರು 'ಸೆಕ್ಯುಲರ್, ಫೆಡರಲ್, ಸೋಷಲಿಸ್ಟ್' ಮೂರನ್ನೂ 1ನೇ ವಿಧಿಯಲ್ಲಿ ಸೇರಿಸಿ ಅಂದಾಗ ಒಪ್ಪದೇ ಇದ್ದವರು ಸ್ವತಃ ಅಂಬೇಡ್ಕರ್. ಇದನ್ನು ಮಕ್ಕಳಿಗೆ ಮುಚ್ಚಿಡಬೇಡಿ.

ಹುಬ್ಬಳ್ಳಿಯಿಂದ
"ಒಪ್ಪದೇ ಇದ್ದವರು ಅಂಬೇಡ್ಕರ್" ಅಂತ ಅರ್ಧ ಹೇಳಿ ಬಿಟ್ಟರೆ ಹೆಂಗ್ರೀ? ಯಾಕೆ ಒಪ್ಪಲಿಲ್ಲ ಅದನ್ನೂ ಹೇಳಿ. ಸಮಾಜ ಹೇಗಿರಬೇಕು ಅನ್ನೋದನ್ನ ಮುಂದಿನ ಜನ ತೀರ್ಮಾನ ಮಾಡಲಿ, ಅವರ ಕೈ ಕಟ್ಟಬಾರದು ಅಂದರು. ಸಮಾಜವಾದದ ಅಂಶಗಳು ಸರ್ಕಾರಕ್ಕೆ ದಾರಿ ತೋರಿಸುವ ನಿರ್ದೇಶಕ ತತ್ವಗಳಲ್ಲಿ ಆಗಲೇ ಇವೆ ಅಂತಲೂ ಅಂದರು. 1978ರಲ್ಲಿ ಜನತಾ ಸರ್ಕಾರ 44ನೇ ತಿದ್ದುಪಡಿ ತಂದು ತುರ್ತುಪರಿಸ್ಥಿತಿಯ ಎಷ್ಟೋ ಬದಲಾವಣೆ ಕಿತ್ತುಹಾಕಿತು. ಪೀಠಿಕೆಯ ಪದ ಮಾತ್ರ ಮುಟ್ಟಲಿಲ್ಲ. ಜೈಲಿಗೆ ಹೋಗಿ ಬಂದವರೇ ಉಳಿಸಿಕೊಂಡ ಪದ ಅದು.

ನೇರ_ಮಾತು
ಉಳಿಸಿಕೊಂಡರು ಅಂದ ಮಾತ್ರಕ್ಕೆ ಸೇರಿಸಿದ ರೀತಿ ಸರಿ ಆಗಲ್ಲ. ನಾನು ಕೇಳಿದ್ದು ಮಕ್ಕಳಿಗೆ ಹೇಳುತ್ತೀರೋ ಇಲ್ಲವೋ ಅಂತ.

ಎರಡು_ಮಕ್ಕಳ_ಅಮ್ಮ
ನೀವೆಲ್ಲ ದೊಡ್ಡ ದೊಡ್ಡ ವಿಷಯ ಮಾತಾಡ್ತಿದ್ದೀರಿ. ನಾನು ಮನೆ ವಿಷಯ ಹೇಳುತ್ತೇನೆ. ನನ್ನ ಮಗ 8ನೇ ಕ್ಲಾಸು. ಪ್ರಾರ್ಥನೆಯಲ್ಲಿ ಪೀಠಿಕೆ ಹೇಳಿಕೊಡುವ ಸರದಿ ಅವನದ್ದಿತ್ತು. 'ಅಂಗೀಕರಿಸಿ, ಅಧಿನಿಯಮಿಸಿ' ಹತ್ತಿರ ತಡವರಿಸಿದ. ಅದಕ್ಕೆ ಶಾಲೆಯವರು ಅರ್ಧ ಗಂಟೆ ಬಿಸಿಲಿನಲ್ಲಿ ನಿಲ್ಲಿಸಿದರು. ಮನೆಗೆ ಬಂದಾಗ ಕತ್ತಿನ ಹಿಂದೆ ಕೆಂಪಗಾಗಿತ್ತು. ಕಾಲರ್ ಸರಿಸಿ ಕೊಬ್ಬರಿ ಎಣ್ಣೆ ಹಚ್ಚಿದೆ. ಅವನು ಅಳಲಿಲ್ಲ. 'ಅಮ್ಮಾ, ವ್ಯಕ್ತಿ ಗೌರವ ಅನ್ನೋದು ಆಮೇಲಿನ ಸಾಲಾ, ಮುಂಚಿನ ಸಾಲಾ?' ಅಂತ ಕೇಳಿದ. ಯಾವ ಸಾಲು ಹೇಳುವಾಗ ತಪ್ಪಿದೆ ಅಂತ ಇನ್ನೂ ಲೆಕ್ಕ ಹಾಕ್ತಿದ್ದ. ದಯವಿಟ್ಟು ಇದನ್ನು ಶಿಕ್ಷೆಯ ಪಾಠ ಮಾಡಬೇಡಿ.

ಕೋರ್ಟ್_ಕಟ್ಟೆ
"ಬಿಸಿಲಿನಲ್ಲಿ ನಿಲ್ಲಿಸಿದರು" ಅಂದಿರಲ್ಲ ಅಕ್ಕ, ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ತಪ್ಪು. ಲಿಖಿತ ದೂರು ಕೊಡಿ. 1986ರ ಬಿಜೋ ಇಮ್ಯಾನ್ಯುಯೆಲ್ ಪ್ರಕರಣವನ್ನೂ ನೆನಪಿಡಿ. ಕೇರಳದ ಮೂರು ಮಕ್ಕಳು ರಾಷ್ಟ್ರಗೀತೆ ಹೊತ್ತಿಗೆ ಎದ್ದು ನಿಂತರು, ಆದರೆ ತಮ್ಮ ನಂಬಿಕೆಯ ಕಾರಣಕ್ಕೆ ಹಾಡಲಿಲ್ಲ. ಶಾಲೆ ಹೊರಗೆ ಹಾಕಿತು. ಸುಪ್ರೀಂ ಕೋರ್ಟು ವಾಪಸ್ ಸೇರಿಸಿಕೊಳ್ಳಿ ಅಂತು. ನೋಡಿ, ನಿಮ್ಮ ಮಗನನ್ನು ಕಾಪಾಡುವುದು ಕಾನೂನು. ಅದಕ್ಕೇ ವಿಧಿ ಕಲಿಸಿ ಅಂದಿದ್ದು.

ಸಮಾಜ_ಮೇಷ್ಟ್ರು
ಅಕ್ಕ, ಓದಿ ತುಂಬಾ ಬೇಜಾರಾಯಿತು. ಆದರೆ ವಕೀಲರೇ, ನೀವೇ ನನ್ನ ಮಾತು ಗೆಲ್ಲಿಸಿದಿರಿ. ಆ ಹುಡುಗನಿಗೆ 'ವ್ಯಕ್ತಿ ಗೌರವ' ಅಂದರೇನು ಅಂತ ಗೊತ್ತಿದ್ದರೆ ತನಗೆ ಅನ್ಯಾಯ ಆಗಿದೆ ಅಂತ ಅವತ್ತೇ ಹೊಳೆಯುತ್ತಿತ್ತು. ಸೆಕ್ಷನ್ ನಂಬರ್ ಆಮೇಲೆ ಹುಡುಕಬಹುದು.

ಪದ_ಕಟ್ಟೋಣ
"ಅಂದರೇನು ಅಂತ ಗೊತ್ತಿದ್ದರೆ", ಅದನ್ನೇ ನಾನು ಮೊದಲಿನಿಂದ ಹೇಳ್ತಿರೋದು! 'ಅಧಿನಿಯಮಿಸಿ' ಅನ್ನುವ ಪದ 13 ವರ್ಷದ ಮಗುವಿನ ನಾಲಿಗೆಗೆ ಹೊರಳುತ್ತಾ? 'ಕಾನೂನಾಗಿ ಮಾಡಿಕೊಂಡು' ಅಂದರೆ ಏನು ಕಡಿಮೆ ಆಗುತ್ತಿತ್ತು? ಮತ್ತೆ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಜಾತ್ಯತೀತ ಸರಿಯಾ ತಪ್ಪಾ?

ಕಾಸರಗೋಡು_ಕನ್ನಡಿಗ
ನನಗೆ ಸರ್ವಧರ್ಮ ಸಮಭಾವವೇ ಸರಿ ಅನ್ನಿಸುತ್ತದೆ. ನಮ್ಮ ಊರಲ್ಲಿ ಮಠದ ದಾರಿಯಲ್ಲೇ ಮಸೀದಿಗೂ ಹೋಗುತ್ತಾರೆ. ಎಲ್ಲಕ್ಕೂ ಒಂದೇ ಗೌರವ ಅನ್ನುವುದು ಮಗುವಿಗೆ ತಕ್ಷಣ ಅರ್ಥವಾಗುತ್ತದೆ.

ಪದ_ಕಟ್ಟೋಣ
"ಎಲ್ಲಕ್ಕೂ ಒಂದೇ ಗೌರವ" ಅಂದರೆ ಯಾವ ಧರ್ಮವನ್ನೂ ನಂಬದವನಿಗೆ ಜಾಗ ಎಲ್ಲಿ? 25ನೇ ವಿಧಿ ಶುರುವಾಗುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದ. ನಂಬದಿರುವ ಸ್ವಾತಂತ್ರ್ಯವೂ ಅದರಲ್ಲೇ ಬಂತು.

ಹುಬ್ಬಳ್ಳಿಯಿಂದ
ಹಂಗಾದ್ರ ನಿಮ್ಮ ನಿರಪೇಕ್ಷ ಏನು ಮಾಡುತ್ತದೆ? ಟಿ.ವಿ.ಯವರ 'ಧರ್ಮನಿರಪೇಕ್ಷ'ವನ್ನೇ ತಗೊಳ್ಳಿ. ಕನ್ನಡದಲ್ಲಿ ಧರ್ಮ ಅಂದ್ರ ಮತ ಒಂದೇ ಅಲ್ಲ. ದುಡ್ಡು ತಗೊಳ್ಳದೆ ಔಷಧಿ ಕೊಡುವ ಆಸ್ಪತ್ರೆಗೆ ನಮ್ಮವ್ವ ಧರ್ಮಾಸ್ಪತ್ರೆ ಅಂತಿದ್ದಳು. ಬಿಟ್ಟಿ ಕೊಟ್ಟರೆ 'ಧರ್ಮಕ್ಕೆ ಕೊಟ್ಟ' ಅಂತೀವಿ. ಅಂಥಾ ಪದಕ್ಕೆ 'ನಿರಪೇಕ್ಷ' ಹಚ್ಚಿದರೆ 'ನಮಗೆ ಧರ್ಮ ಬೇಡ' ಅಂದಂಗೆ ಕೇಳಿಸುತ್ತದೆ. ಎಷ್ಟು ಮಂದಿ ಆ ಪದದಿಂದ ಸಿಟ್ಟಾಗಿದ್ದಾರೆ ನೋಡ್ರಿ.

ಪದ_ಕಟ್ಟೋಣ
ನಾನು ಹೇಳಿದ್ದು ಮತನಿರಪೇಕ್ಷ. ಧರ್ಮನಿರಪೇಕ್ಷ ಅಲ್ಲ. ಸರಿಯಾಗಿ ಓದಿ ಆಮೇಲೆ ಬರೆಯಿರಿ.

ನೇರ_ಮಾತು
ಇಷ್ಟು ಜನ ಓದಿದವರಿಗೇ ಒಂದು ಅರ್ಥ ಸಿಗುತ್ತಿಲ್ಲ. ಮೂಲದಲ್ಲಿ ಇಲ್ಲದ ಪದ ಸೇರಿಸಿದರೆ ಹೀಗೇ ಆಗೋದು. 1949ರ ಪೀಠಿಕೆಯನ್ನೇ ಓದಿಸಿ.

ಹುಬ್ಬಳ್ಳಿಯಿಂದ
"ಮೂಲದಲ್ಲಿ ಇಲ್ಲದ" ಅಂತ ಮತ್ತೆ ಅದೇ! ನಮ್ಮ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದರು. ಆ ಪ್ರಕರಣದಲ್ಲಿ 1994ರಲ್ಲಿ 9 ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪದಲ್ಲೇ ಇದೆ ಅಂತ ಅದರಲ್ಲಿ ಹೇಳಿದೆ. ಪದ ಆಮೇಲೆ ಬಂದಿರಬಹುದು, ವಿಷಯ 14, 15, 25ನೇ ವಿಧಿಗಳಲ್ಲಿ ಮೊದಲ ದಿನದಿಂದ ಇತ್ತು. 'ಸಮಾಜವಾದಿ', 'ಜಾತ್ಯತೀತ' ಪದಗಳನ್ನು ಪೀಠಿಕೆಯಿಂದ ತೆಗೀರಿ ಅಂತ ಹೋದ ಅರ್ಜಿಗಳನ್ನು 2024ರ ನವೆಂಬರ್ 25ರಂದು ಸುಪ್ರೀಂ ಕೋರ್ಟ್ ವಜಾ ಮಾಡಿದೆ. ಇನ್ನೂ ಏನು ಬೇಕು ನಿಮಗೆ? ಹಠ ಮಾಡೋಕೂ ಒಂದು ಮಿತಿ ಇರಬೇಕು.

ನೇರ_ಮಾತು
ಹಠ ಅಂತ ಕರೆದು ಬಾಯಿ ಮುಚ್ಚಿಸಬೇಡಿ. ಕೋರ್ಟು ಹೇಳಿದ್ದನ್ನು ನಾನು ಪಾಲಿಸುತ್ತೇನೆ. ಒಪ್ಪಲೇಬೇಕು ಅಂತ ಇಲ್ಲ. ಹಾಗೆ ಹೇಳುವ ಸ್ವಾತಂತ್ರ್ಯ 19ನೇ ವಿಧಿಯಲ್ಲಿ ನನಗೂ ಇದೆ.

ಎರಡು_ಮಕ್ಕಳ_ಅಮ್ಮ
ಒಂದು ಕೇಳಲಾ? 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಪೀಠಿಕೆ ಚರ್ಚೆ ಆಗಿದ್ದನ್ನು ಮಗನಿಗೆ ಓದಿ ಹೇಳಿದೆ. ಎಚ್.ವಿ. ಕಾಮತ್ ಅವರು 'ದೇವರ ಹೆಸರಿನಲ್ಲಿ' ಅಂತ ಶುರು ಮಾಡೋಣ ಅಂದರು. ಮತಕ್ಕೆ ಹಾಕಿದರು. ಪರ 41, ವಿರೋಧ 68. ಬಿದ್ದುಹೋಯಿತು. ಮಗ ಕೂತಲ್ಲೇ ನೆಟ್ಟಗಾಗಿ 'ದೇವರ ವಿಷಯಕ್ಕೂ ಕೈ ಎತ್ತಿಸಿದ್ರಾ? ಸೋತವರು ಸಿಟ್ಟು ಮಾಡ್ಕೊಂಡು ಹೋಗಿಬಿಟ್ರಾ?' ಅಂದ. ಹೋಗಲಿಲ್ಲ, ಸಭೆಯಲ್ಲೇ ಇದ್ದರು ಅಂದೆ. ಅವನಿಗೆ ಅದೇ ಹಿಡಿಸಿತು. ಇಂಥದ್ದು ಯಾಕೆ ಪಾಠದಲ್ಲಿ ಇಷ್ಟು ಕಡಿಮೆ?

ಕೋರ್ಟ್_ಕಟ್ಟೆ
ಯಾಕೆ ಅಂದರೆ ಎಸ್ಎಸ್ಎಲ್‌ಸಿಯಲ್ಲಿ ಅದಕ್ಕೆ ಅಂಕ ಇಲ್ಲ ಅಕ್ಕ.

ಪದ_ಕಟ್ಟೋಣ
ನೋಡಿ, ಆವತ್ತು ಅವರೂ ಪದಕ್ಕಾಗಿಯೇ ಜಗಳ ಆಡಿದ್ದು. ನಾನು ಪದ ಪದ ಅಂದಾಗ ಎಲ್ಲರಿಗೂ ಬೇಜಾರು.

ಸಮಾಜ_ಮೇಷ್ಟ್ರು
ಸರಿ. ನಾಳೆ ಮೂರನೇ ಪಿರಿಯಡ್ ನನ್ನದು. ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ, ಮೂರನ್ನೂ ಬೋರ್ಡಿನ ಮೇಲೆ ಬರೆಯುತ್ತೇನೆ. ಯಾವುದು ಸರಿ, ಯಾಕೆ ಅಂತ ಮಕ್ಕಳೇ ವಾದ ಮಾಡಲಿ. ಕೊನೆಗೆ ಕೈ ಎತ್ತಿಸುತ್ತೇನೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.

ನೇರ_ಮಾತು
ಆ ಪದ ಯಾವ ವರ್ಷ ಬಂತು ಅಂತ ಪಕ್ಕದಲ್ಲೇ ಬರೆಯಿರಿ. 1976.

ಹುಬ್ಬಳ್ಳಿಯಿಂದ
1994 ಅಂತಲೂ ಬರೆಯಿರಿ ಮೇಷ್ಟ್ರೇ.

ಪದ_ಕಟ್ಟೋಣ
ಮತನಿರಪೇಕ್ಷ ಬಿಟ್ಟಿರಿ. ನಾಲ್ಕು ಬರೆಯಿರಿ.